ಬಡ್ಡಿಯ ಮಾತು ಬಿಟ್ಟು ಕಂತಿನ ಪಟ್ಟಿ ಹಿಡಿದು ಕೂತೆವು

ಮನೆ ಸಾಲಕ್ಕೆ ಓಡಾಡುತ್ತಿದ್ದೇವೆ ಅಂದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ: ‘ಬಡ್ಡಿ ಎಷ್ಟಂತೆ?’ ನಮ್ಮ ಸ್ಟಾಫ್ ರೂಮಿನಲ್ಲಿ, ಯಜಮಾನರ ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಅದೇ ಪ್ರಶ್ನೆ. ಇಂಥ ಬ್ಯಾಂಕಿನಲ್ಲಿ ಕಾಲು ಪರ್ಸೆಂಟ್ ಕಮ್ಮಿ, ಅಲ್ಲಿಗೆ ಹೋಗಿ ಅಂತ ಸಲಹೆ. ಕಟ್ಟಿ ಮುಗಿದ ಫ್ಲಾಟು ಕೊಳ್ಳುವವರಿಗೆ ಅದು ಸರಿಯಾದ ಪ್ರಶ್ನೆಯೇ. ಸೈಟಿನ ಮೇಲೆ ತಾವೇ ನಿಂತು ಕಟ್ಟಿಸುವವರು ಮೊದಲು ಕೇಳಬೇಕಾದ್ದು ಬೇರೆ: ಯಾವ ಹಂತಕ್ಕೆ ಎಷ್ಟು ದುಡ್ಡು ಬಿಡ್ತೀರಿ, ಕೆಲಸ ಮುಗಿದ ಮೇಲೋ, ನಡೆಯುವಾಗಲೋ?

ಲೆಕ್ಕ ಹಾಕಿ ನೋಡಿ. 22 ಲಕ್ಷ ಸಾಲ, 20 ವರ್ಷ. ಬಡ್ಡಿ 8.75 ಇದ್ದರೆ ತಿಂಗಳ ಕಂತು ಸುಮಾರು 19,440 ರೂಪಾಯಿ, 8.50 ಇದ್ದರೆ ಸುಮಾರು 19,090. ತಿಂಗಳಿಗೆ 350 ರೂಪಾಯಿ ವ್ಯತ್ಯಾಸ. ಅದೇ ತಾರಸಿ ಹಾಕುವ ಹೊತ್ತಿಗೆ ಬ್ಯಾಂಕಿನ ದುಡ್ಡು ಬರಲಿಲ್ಲ ಅಂತ ನಾಲ್ಕು ಲಕ್ಷ ಕೈಸಾಲ ಎತ್ತಿದರೆ, ಊರಿನ ಎರಡು ರೂಪಾಯಿ ಬಡ್ಡಿಯಲ್ಲಿ ತಿಂಗಳಿಗೆ 8,000. ಎರಡು ತಿಂಗಳು ಎಳೆದರೆ 16,000. ಕಾಲು ಪರ್ಸೆಂಟಿನಲ್ಲಿ ಸುಮಾರು ನಾಲ್ಕು ವರ್ಷ ಉಳಿಸುವ ದುಡ್ಡು ಎರಡೇ ತಿಂಗಳಲ್ಲಿ ಹೋಗುತ್ತದೆ. ಈ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದರಿಂದ ನಾವು ಬ್ಯಾಂಕಿನ ಮುಂದೆ ಕೂತಾಗ ಚೌಕಾಶಿ ಮಾಡಿದ್ದು ಬಡ್ಡಿಗಲ್ಲ.

ನಮ್ಮದು ತಿಪಟೂರು. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ, ಯಜಮಾನರದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸೈಟು ಮಾವನವರು ಕೊಂಡಿದ್ದು, 30–40ರದ್ದು. ಅವರು ಹೋದ ಮೇಲೆ ಪೌತಿ ಖಾತೆ ಯಜಮಾನರ ಹೆಸರಿಗೆ ಆಗಿತ್ತು, ಕಂದಾಯ ಕಟ್ಟುತ್ತಾ ಬಂದಿದ್ದೆವು, ನಗರಸಭೆಯಿಂದ ಇ-ಖಾತೆಯೂ ಬಂದಿತ್ತು. ಇಷ್ಟಿದ್ದರೆ ಸಾಕು ಅಂತ ಊರಿನಲ್ಲಿ ಎಲ್ಲರೂ ಅಂದುಕೊಳ್ಳುತ್ತಾರೆ. ಬ್ಯಾಂಕಿನ ಪ್ಯಾನೆಲ್ ವಕೀಲರು ಮಾವನವರ ಕ್ರಯಪತ್ರ, ಇಸಿ (ಆಸ್ತಿಯ ಮೇಲಿನ ಋಣಭಾರದ ಪ್ರಮಾಣಪತ್ರ), ವಂಶವೃಕ್ಷ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೇಳಿದರು: ‘ಖಾತೆ ಅನ್ನೋದು ಕಂದಾಯಕ್ಕೆ. ಹಕ್ಕು ಬೇರೆ. ನಿಮ್ಮ ಮಾವನವರಿಗೆ ಹೆಂಡತಿ ಇದ್ದಾರೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಾಲ್ಕು ಪಾಲಾಗುತ್ತೆ.’ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರು ಹೇಳಿದ್ದು ಪೂರ್ತಿ ಸರಿ. ಉಯಿಲು ಬರೆಯದೆ ಹೋದ ಗಂಡಸಿನ ಸ್ವಯಾರ್ಜಿತದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅತ್ತೆ ಮತ್ತು ಇಬ್ಬರು ನಾದಿನಿಯರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಬರೆದುಕೊಡಬೇಕಾಯಿತು.

ಬ್ಯಾಂಕಿನವರ ಕಿರಿಕಿರಿ ಅಂತ ಇದನ್ನು ಬೈಯುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಬ್ಯಾಂಕು ಕೇಳದಿದ್ದರೆ ನಾವು ನಾದಿನಿಯರನ್ನು ಕೇಳುತ್ತಲೇ ಇರಲಿಲ್ಲ, ಅವರ ಪಾಲಿನ ಮೇಲೆ ಸುಮ್ಮನೆ ಗೋಡೆ ಎಬ್ಬಿಸುತ್ತಿದ್ದೆವು. ದೊಡ್ಡ ನಾದಿನಿ ನೇರವಾಗಿ ಕೇಳಿದರು: ‘ಸಹಿ ಹಾಕ್ತೀವಿ ಬಿಡಮ್ಮ. ಆದ್ರೆ ನಾಳೆ ನಾವು ಮಕ್ಕಳು ಕರ್ಕೊಂಡು ಬಂದಾಗ ಹಾಲಲ್ಲಿ ಚಾಪೆ ಹಾಸ್ಕೊಂಡು ಮಲಗಬೇಕಾ, ಒಂದು ರೂಮಿರುತ್ತಾ?’ ಕೇಳಿದ್ದು ನ್ಯಾಯ. ಪ್ಲಾನಿನಲ್ಲಿ ಮಹಡಿ ಮೇಲೆ ಒಂದು ರೂಮು, ಬಚ್ಚಲು ಸೇರಿತು. ಒಟ್ಟು ಹನ್ನೆರಡು ಚದರ ಆಯಿತು, ಎಸ್ಟಿಮೇಟ್ 28 ಲಕ್ಷಕ್ಕೆ ನಿಂತಿತು.

ಇದೇ ಸಮಯದಲ್ಲಿ ಇನ್ನೊಂದು ಕೆಲಸ ಮಾಡಿಸಿಕೊಂಡೆ. ಸಾಲದಲ್ಲಿ ನಾನೂ ಅರ್ಜಿದಾರಳು, ಕಂತು ಹೋಗುವುದು ನನ್ನ ಸಂಬಳದಿಂದ, ಆದರೆ ಸೈಟು ಯಜಮಾನರೊಬ್ಬರ ಹೆಸರಿನಲ್ಲಿ. ಸಾಲ ತೀರಿಸುವವರು ಆಸ್ತಿಯಲ್ಲಿ ಪಾಲುದಾರರಲ್ಲದಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಯ ವಿನಾಯಿತಿ ಕೇಳುವ ಹಾಗಿಲ್ಲ. ಹೊಸ ಪದ್ಧತಿಯಲ್ಲಿ ತಾವೇ ವಾಸಿಸುವ ಮನೆಗೆ ಆ ವಿನಾಯಿತಿಯೇ ಇಲ್ಲ, ಆದ್ದರಿಂದ ತೆರಿಗೆ ನನಗೆ ದೊಡ್ಡ ಕಾರಣವಾಗಿರಲಿಲ್ಲ. ಇಪ್ಪತ್ತು ವರ್ಷ ದುಡಿದು ಕಟ್ಟುವವಳ ಹೆಸರು ಪತ್ರದಲ್ಲಿರಬೇಕು, ಅಷ್ಟೇ. ಯಜಮಾನರು ಅರ್ಧ ಭಾಗಕ್ಕೆ ದಾನಪತ್ರ ಮಾಡಿಕೊಟ್ಟರು, ಖಾತೆ ಜಂಟಿಯಾಯಿತು. ಮಾಡುವುದಿದ್ದರೆ ಬ್ಯಾಂಕಿಗೆ ಪತ್ರ ಒಪ್ಪಿಸುವ ಮೊದಲೇ ಮಾಡಬೇಕು. ಆಮೇಲೆ ಪ್ರತಿಯೊಂದಕ್ಕೂ ಅವರ ಒಪ್ಪಿಗೆ ಬೇಕು.

ಇನ್ನು ಕಂತಿನ ಪಟ್ಟಿಗೆ, ಅಂದರೆ ನಾವು ಕಟ್ಟುವ ಕಂತಲ್ಲ, ಬ್ಯಾಂಕು ಹಂತಹಂತವಾಗಿ ಸಾಲ ಬಿಡುವ ಪಟ್ಟಿಗೆ ಬರೋಣ. ನಮ್ಮ ಬ್ಯಾಂಕು ಎಸ್ಟಿಮೇಟಿನ ಸುಮಾರು ಶೇಕಡ 80, ಅಂದರೆ 22 ಲಕ್ಷ ಕೊಡಲು ಒಪ್ಪಿತು. 30 ಲಕ್ಷದವರೆಗಿನ ಮನೆ ಸಾಲಕ್ಕೆ ಆಸ್ತಿಯ ಬೆಲೆಯ ಶೇಕಡ 90ರವರೆಗೆ ಕೊಡಬಹುದು ಅನ್ನುತ್ತದೆ ರಿಸರ್ವ್ ಬ್ಯಾಂಕು. ಅದು ಗರಿಷ್ಠ ಮಿತಿ, ಅಷ್ಟು ಕೊಡಲೇಬೇಕೆಂದಲ್ಲ. ಉಳಿದ 6 ಲಕ್ಷ ನಮ್ಮ ಮಾರ್ಜಿನ್. ಅದು ಮೊದಲು ಮಣ್ಣಿಗೆ ಬೀಳಬೇಕು, ಆಮೇಲೆ ಬ್ಯಾಂಕಿನದು. ಅವರ ಕರಡಿನಲ್ಲಿ ನಾಲ್ಕು ಕಂತು: ಪ್ಲಿಂತ್ (ಪಾಯದ ಮೇಲೆ ನೆಲದ ಮಟ್ಟ) ಮುಗಿದ ಮೇಲೆ ಶೇಕಡ 20, ತಾರಸಿ ಹಾಕಿದ ಮೇಲೆ 40, ಪ್ಲಾಸ್ಟರಿಂಗ್ ಆದ ಮೇಲೆ 25, ಫಿನಿಶಿಂಗ್ ಆದ ಮೇಲೆ 15.

ನೋಡೋಕೆ ಚೆನ್ನಾಗಿದೆ, 40 ಪರ್ಸೆಂಟ್ ಒಟ್ಟಿಗೆ ಬರುತ್ತಲ್ಲ ಅನ್ನಿಸುತ್ತದೆ. ಆದರೆ ಪ್ಲಿಂತಿನಿಂದ ತಾರಸಿವರೆಗೆ ಏನೇನಿದೆ? ಗೋಡೆ, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ), ಸಜ್ಜ, ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವ ತನಕ ಹೊರುವ ಹಲಗೆ, ಆಸರೆ) ಬಾಡಿಗೆ, ಕಂಬಿ, ಸಿಮೆಂಟು, ಜಲ್ಲಿ, ಎಂ-ಸ್ಯಾಂಡು, ಕಾಂಕ್ರೀಟ್ ದಿನದ ಗ್ಯಾಂಗಿನ ಕೂಲಿ. ನಮ್ಮ ಎಂಜಿನಿಯರ್ ಲೆಕ್ಕದಲ್ಲಿ ಅದು ಒಂಬತ್ತು ಲಕ್ಷದ ಹತ್ತಿರ. ಆ ಹೊತ್ತಿಗೆ ನಮ್ಮ ಕೈಯಲ್ಲಿರುವುದು ಮೊದಲ ಕಂತಿನ 4 ಲಕ್ಷ 40 ಸಾವಿರ. ಮಾರ್ಜಿನ್ ದುಡ್ಡು ಪಾಯದಲ್ಲೇ ಮುಗಿದಿರುತ್ತದೆ. ಅರ್ಧ ಕಟ್ಟಿ ನಿಂತ ಮನೆಗಳು ನಮ್ಮೂರಲ್ಲಿ ಎಲ್ಲಿ ನಿಂತಿವೆ ನೋಡಿ: ಹೆಚ್ಚಿನವು ಲಿಂಟಲ್ ಮಟ್ಟದಲ್ಲೇ, ಕಂಬಿ ತುಕ್ಕು ಹಿಡಿಸಿಕೊಂಡು.

ಮ್ಯಾನೇಜರ್ ಒಳ್ಳೆಯವರೇ. ‘ಮೇಡಂ, ಎಲ್ರಿಗೂ ಇದೇ ಫಾರ್ಮ್ಯಾಟು’ ಅಂದರು.

‘ಸಾರ್, ಎಲ್ಲರಿಗೂ ಇರೋದನ್ನ ನಮಗೆ ಒಂದು ಸಾಲು ಸೇರಿಸಿ ಕೊಡೋಕಾಗುತ್ತಾ ಅಂತ ಕೇಳ್ತಿದೀನಿ. ಒಟ್ಟು ಮೊತ್ತ ಹೆಚ್ಚಿಸಿ ಅಂತಿಲ್ಲ.’

‘ಮಂಜೂರು ಮಾಡೋದು ನಾನಲ್ಲ, ಮೇಲಿನ ಆಫೀಸು.’

‘ಮಂಜೂರಾಗೋ ಮೊದಲೇ ಅದಕ್ಕೇ ಬಂದಿದೀನಿ. ಪತ್ರ ಬಂದ ಮೇಲೆ ನಿಮ್ಮ ಕೈಲೂ ಆಗಲ್ಲ ಅಂತ ಗೊತ್ತು.’

ಇದೇ ಮುಖ್ಯ ಸಂಗತಿ. ಶಾಖೆಯವರು ಅರ್ಜಿ ತಗೊಳ್ಳುತ್ತಾರೆ, ಸಾಲ ಪಾಸಾಗುವುದು ಬೇರೆ ಊರಿನ ಕಚೇರಿಯಲ್ಲಿ. ಮಂಜೂರಾತಿ ಪತ್ರದಲ್ಲಿ ಅಚ್ಚಾದ ಹಂತಗಳನ್ನು ಆಮೇಲೆ ತಿದ್ದಿಸುವುದೆಂದರೆ ಅರ್ಜಿ ಮತ್ತೆ ಮೊದಲಿಂದ ಹೋದ ಹಾಗೆ. ಆದ್ದರಿಂದ ಎಂಜಿನಿಯರ್ ಸೀಲು ಹಾಕಿದ ಹಂತವಾರು ಎಸ್ಟಿಮೇಟನ್ನು, ಅಂದರೆ ಪಾಯಕ್ಕೆ ಎಷ್ಟು, ಲಿಂಟಲ್‌ವರೆಗೆ ಎಷ್ಟು, ತಾರಸಿಗೆ ಎಷ್ಟು ಎಂದು ಬಿಡಿಸಿದ ಒಂದು ಪುಟವನ್ನು, ನಮ್ಮ ಕೋರಿಕೆ ಪತ್ರದ ಜೊತೆ ಅರ್ಜಿಗೇ ಲಗತ್ತಿಸಿದೆವು. ತಾರಸಿಯ 40ನ್ನು ಒಡೆದು ಲಿಂಟಲ್‌ಗೆ 15, ತಾರಸಿಗೆ 25 ಮಾಡಿ. ತಾರಸಿಯ 25ನ್ನು ಕಾಂಕ್ರೀಟ್ ಆದ ಮೇಲಲ್ಲ, ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಿದ ಮೇಲೆ ಬಿಡಿ ಎಂದು ಕೇಳಿದೆವು. ಮೊದಲನೆಯದು ಪೂರ್ತಿ ಒಪ್ಪಿದರು. ಎರಡನೆಯದರಲ್ಲಿ ಅರ್ಧ ಕಂಬಿ ಕಟ್ಟಿದಾಗ, ಅರ್ಧ ಕಾಂಕ್ರೀಟ್ ಆದ ಮೇಲೆ ಅಂತ ಬಂತು. ಅಷ್ಟು ಸಾಕಾಗಿತ್ತು. ಪ್ರತಿ ಸಲ ಬ್ಯಾಂಕಿನ ಪರವಾಗಿ ಕೆಲಸ ನೋಡಿ ವರದಿ ಕೊಡುವ ವ್ಯಾಲ್ಯುಯರ್ ಬಂದು ನೋಡುವ ಶುಲ್ಕ ನಮ್ಮ ತಲೆಗೇ, ಅದನ್ನೂ ಸೇರಿಸಿ ಲೆಕ್ಕ ಹಾಕಿದರೂ ಕೈಸಾಲಕ್ಕಿಂತ ಎಷ್ಟೋ ಅಗ್ಗ.

ಮಾರ್ಜಿನ್ ದುಡ್ಡಿನದು ನಮ್ಮ ಕಡೆಯ ಕಥೆ. ನಮ್ಮ ತೆಂಗಿನ ತೋಟದ ಆದಾಯವನ್ನು ಬ್ಯಾಂಕು ನಮ್ಮ ಸಾಲದ ಅರ್ಹತೆಗೆ ಹಿಡಿಯಲಿಲ್ಲ. ನನ್ನ ಸಂಬಳ, ಅಂಗಡಿಯ ಆದಾಯ ತೆರಿಗೆ ರಿಟರ್ನ್ ಇವೆರಡೇ ಲೆಕ್ಕಕ್ಕೆ. ಆದರೆ ಅಟ್ಟದ ಮೇಲೆ ಕಾಯಿ ಇತ್ತು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಒಣಗಬೇಕು, ಅವಸರ ಮಾಡಿದರೆ ಬೆಲೆ ಇಲ್ಲ. ಗುದ್ದಲಿ ಪೂಜೆಯನ್ನೇ ಅದಕ್ಕೆ ಹೊಂದಿಸಿದೆವು. ಮಾವನವರ ಕಾಲದ ತೋಟ ಪಾಯ ಹಾಕಿಸಿಕೊಟ್ಟಿತು ಅನ್ನಬಹುದು. ಆಮೇಲೆ 2025ರಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿದಾಗ ನಮ್ಮ ಅಟ್ಟ ಖಾಲಿ. ಇರಲಿ.

ಮೇಸ್ತ್ರಿಗೆ ಶನಿವಾರ ಬಟವಾಡೆ ಆಗಲೇಬೇಕು, ಬ್ಯಾಂಕಿಗೆ ಶನಿವಾರ ಗೊತ್ತಿಲ್ಲ. ಈ ಎರಡರ ನಡುವೆ ನಾವು ಕಂಡುಕೊಂಡ ದಾರಿ ಸರಳ. ಹಂತ ಮುಗಿಯುವ ಒಂದು ವಾರ ಮೊದಲೇ ಬ್ಯಾಂಕಿಗೆ ಕಂತಿನ ಅರ್ಜಿ ಕೊಟ್ಟು, ವ್ಯಾಲ್ಯುಯರ್‌ಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳುವುದು. ತಾರಸಿ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚುವ ತನಕ ಕ್ಯೂರಿಂಗ್ ಬಿಟ್ಟರೆ ದೊಡ್ಡ ಖರ್ಚಿಲ್ಲ. ನೀರು ನಿಲ್ಲಿಸಿ ಕಾಯುವ ಆ ದಿನಗಳಲ್ಲೇ ತಪಾಸಣೆ, ವರದಿ, ಬಿಡುಗಡೆ ಎಲ್ಲ ಮುಗಿಸಿಕೊಂಡೆವು. ಒಂದು ವಾರದ ಕೂಲಿಯಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು, ಏನೇ ಆದರೂ ಅದರಿಂದ ಸಿಮೆಂಟು ತರಿಸಲಿಲ್ಲ.

ವ್ಯಾಲ್ಯುಯರ್ ನೋಡುವುದು ಎರಡೇ: ಕೆಲಸ ಎಷ್ಟಾಗಿದೆ, ಮಂಜೂರಾದ ಪ್ಲಾನಿನಂತಿದೆಯೇ. ಮೆಟ್ಟಿಲಿನ ಹತ್ತಿರ ‘ಒಂದೂವರೆ ಅಡಿ ಆಚೆ ತಳ್ಳೋಣ ಮೇಡಂ, ಯಾರ್ ಕೇಳ್ತಾರೆ, ಹಾಲು ದೊಡ್ದಾಗುತ್ತೆ’ ಅಂತ ಮೇಸ್ತ್ರಿ ಆಸೆ ತೋರಿಸಿದರು. ಕೇಳುವವರು ಟೇಪು ಹಿಡಿದು ಬರುತ್ತಾರೆ ಅಂತ ನನಗೆ ಗೊತ್ತಿತ್ತು. ಸೆಟ್‌ಬ್ಯಾಕ್ (ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ) ನುಂಗಿದ ಮನೆ ಅಂತ ವರದಿಯಲ್ಲಿ ಒಂದು ಸಾಲು ಬಂದರೆ ಮುಂದಿನ ಕಂತು ನಿಲ್ಲುತ್ತದೆ. ಹಾಲು ಪ್ಲಾನಿನಲ್ಲಿದ್ದಷ್ಟೇ ಇದೆ.

ಕಂತು ಬಂದಾಗಲೆಲ್ಲ ಸಾಲದ ಖಾತೆಯ ತಾರೀಕನ್ನೂ ನಮ್ಮ ಉಳಿತಾಯ ಖಾತೆಯ ತಾರೀಕನ್ನೂ ಹೋಲಿಸುತ್ತಿದ್ದೆ. ಗಣಿತದವಳ ಚಟ ಅನ್ನಿ. ಒಂದು ಸಲ ಸಾಲದ ಖಾತೆಯಲ್ಲಿ ಬಡ್ಡಿ ಶುರುವಾದ ಮೇಲೆ ಮೂರ್ನಾಲ್ಕು ದಿನ ಬಿಟ್ಟು ನಮಗೆ ದುಡ್ಡು ಬಂದಿತ್ತು. ದುಡ್ಡು ನಿಜವಾಗಿ ಗ್ರಾಹಕರ ಕೈಗೆ ಬಂದ ದಿನದಿಂದಲೇ ಬಡ್ಡಿ ಹಾಕಬೇಕು ಅಂತ ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಹೇಳಿದೆ. ಅದರ ಪ್ರತಿ ಇಟ್ಟು ಅರ್ಜಿ ಕೊಟ್ಟೆ, ವಾಪಸು ಜಮಾ ಮಾಡಿದರು. ಸಣ್ಣ ಮೊತ್ತ, ಬಿಡಬಹುದಿತ್ತು. ಬಿಡಲಿಲ್ಲ.

ವಿಮೆಯ ಮಾತೂ ಬಂತು. ಸಾಲಕ್ಕೇ ಸೇರಿಸಿ ಒಂದೇ ಕಂತಿನ ಜೀವವಿಮೆ ಮಾಡಿಸಿ, ಇಲ್ಲದಿದ್ದರೆ ಪಾಸಾಗೋದು ಕಷ್ಟ ಅಂದರು ಬ್ಯಾಂಕಿನವರು. ಕಡ್ಡಾಯ ಅಂತ ಬರೆದುಕೊಡಿ ಅಂದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಇಬ್ಬರೂ ಹೊರಗಡೆ ಟರ್ಮ್ ವಿಮೆ ಮಾಡಿಸಿಕೊಂಡೆವು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಚಿಲ್ಲರೆ ಸಾಲಗಳಿಗೆಲ್ಲ ಮುಖ್ಯಾಂಶ ಪತ್ರ ಕೊಡಲೇಬೇಕು. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಅದರಲ್ಲಿರುತ್ತದೆ. ಸಹಿ ಹಾಕುವ ಮೊದಲು ಅದನ್ನೊಂದು ಓದಿದರೆ ಸಾಕು.

ಬಡ್ಡಿಯ ಕಥೆ ಏನಾಯಿತು ಅಂದರೆ, ನಮಗೆ ಮಂಜೂರಾದ 2025ರ ಜನವರಿಯಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ, 6.50 ಇತ್ತು, ನಮ್ಮ ಬಡ್ಡಿ 8.75. ಫೆಬ್ರವರಿ, ಏಪ್ರಿಲ್, ಜೂನ್ ಮೂರೂ ಸಲ ಇಳಿಸಿ ರೆಪೊ 5.50ಕ್ಕೆ ಬಂತು. ರೆಪೊಗೆ ಕಟ್ಟಿದ ಸಾಲವನ್ನು ಮೂರು ತಿಂಗಳಿಗೊಮ್ಮೆಯಾದರೂ ಹೊಸ ದರಕ್ಕೆ ತರಲೇಬೇಕಾದ್ದರಿಂದ ಸೆಪ್ಟೆಂಬರಿಗೆ ನಮ್ಮದು 7.75. ಕಾಲು ಪರ್ಸೆಂಟಿಗೆ ಬ್ಯಾಂಕು ಬ್ಯಾಂಕು ಅಲೆದಿದ್ದರೆ ಸಿಗದಿದ್ದದ್ದು ಸುಮ್ಮನೆ ಕೂತಲ್ಲಿಗೇ ಬಂತು. ಏರುವುದೂ ಹೀಗೇ ಏರುತ್ತದೆ, ಅದು ಬೇರೆ ಮಾತು. ಕಟ್ಟುವಾಗ ಬಿಡುಗಡೆಯಾದಷ್ಟಕ್ಕೆ ಮಾತ್ರ ಬಡ್ಡಿ ಕಟ್ಟುತ್ತಿದ್ದೆವು. ಪೂರ್ತಿ ಕಂತು ಶುರುವಾಗುವಾಗ ಮೊದಲು ಲೆಕ್ಕ ಹಾಕಿದ್ದ 19,440ನ್ನೇ ಇಟ್ಟು ಅವಧಿ ಇಳಿಸಿ ಅಂತ ಕೇಳಿದೆವು. 7.75ರ ಲೆಕ್ಕದಲ್ಲಿ ಇಪ್ಪತ್ತು ವರ್ಷ ಹದಿನೇಳರ ಹತ್ತಿರಕ್ಕೆ ಬಂತು. (ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಸೆಪ್ಟೆಂಬರ್ 22ಕ್ಕೆ. ನಮ್ಮ ತಾರಸಿ ಅಷ್ಟರಲ್ಲಿ ಒಣಗಿಯಾಗಿತ್ತು.)

ಕೊನೆಯ ಕಂತಿಗೆ ಫಿನಿಶಿಂಗ್ ಬಿಲ್ಲು ಕೇಳಿದರು. ವೈರು, ಸ್ವಿಚ್ಚು, ಫ್ಯಾನು ಎಲ್ಲ ಯಜಮಾನರ ಅಂಗಡಿಯದೇ. ಅವರ ಹೆಸರಿಗೆ ಅವರೇ ಬರೆದ ಬಿಲ್ಲನ್ನು ಮೇಲಿನ ಆಫೀಸು ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ. ಅಂಗಡಿಗೆ ಮಾಲು ಹಾಕುವ ಡೀಲರ ಬಿಲ್ಲುಗಳನ್ನು ಹುಡುಕಿ ಕೊಟ್ಟ ಮೇಲೆ 3 ಲಕ್ಷ 30 ಸಾವಿರ ಬಂತು, ಬಡಗಿಯದೂ ಟೈಲ್ಸಿನವರದೂ ಬಾಕಿ ತೀರಿತು.

ಇನ್ನೊಂದು ಕಾಗದದ ವಿಚಾರ ಹೇಳಿ ಮುಗಿಸುತ್ತೇನೆ. ಮೂಲ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸುವಾಗ, ಏನೇನು ಪಡೆದುಕೊಂಡರು ಅಂತ ಪಟ್ಟಿ ಮಾಡಿ ಸೀಲು, ಸಹಿ ಹಾಕಿಸಿಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಅವನ್ನು ಹಿಂದಿರುಗಿಸಬೇಕು, ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿಲ್ಲದ ಪತ್ರವನ್ನು ಹದಿನೇಳು ವರ್ಷದ ಮೇಲೆ ಯಾರ ಹತ್ತಿರ ಕೇಳುವುದು? ನಮಗೆ ಕೊಟ್ಟ ಮೊದಲ ಪಟ್ಟಿಯಲ್ಲಿ ಮಾವನವರ ಕ್ರಯಪತ್ರ, ದಾನಪತ್ರ ಇದ್ದವು, ನಾದಿನಿಯರ ಹಕ್ಕು ಖುಲಾಸೆ ಪತ್ರ ಇರಲಿಲ್ಲ. ಅಲ್ಲೇ ಕೂತು ಸೇರಿಸಿ ಬರೆಸಿಕೊಂಡು ಬಂದೆವು.