ಪೆನ್‌ಡ್ರೈವ್ ಮೊದಲು ಲಿನಕ್ಸ್‌ಗೆ: ಕ್ಲಾಮ್‌ಎವಿ ಹಾಕಿಕೊಳ್ಳುವ, ಬಳಸುವ ಬಗೆ

ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ, ಆಂಟಿವೈರಸ್ ಯಾಕೆ ಎಂದು ಕೇಳುವವರು ಬಹಳ ಮಂದಿ. ಬರುವುದೇ ಇಲ್ಲ ಎನ್ನುವುದು ನಿಜವಲ್ಲ. 1988ರ ನವೆಂಬರ್‌ನಲ್ಲಿ ಹರಡಿದ ಮಾರಿಸ್ ವರ್ಮ್ ಹೊಕ್ಕಿದ್ದು ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಯಂತ್ರಗಳನ್ನೇ. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹಿಡಿದದ್ದು ಒಳಗೆ ಲಿನಕ್ಸ್ ಓಡುವ ಕ್ಯಾಮೆರಾ, ರೌಟರ್‌ಗಳನ್ನು. ಆದರೂ ನಾನು ಲಿನಕ್ಸ್‌ನಲ್ಲಿ ಆಂಟಿವೈರಸ್ ಇಟ್ಟುಕೊಂಡಿರುವ ಕಾರಣ ಬೇರೆ.

ವಿಜಯಪುರದಲ್ಲಿ ನನ್ನದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿಯವರೆಗೂ ಪೆನ್‌ಡ್ರೈವ್‌ಗಳು ಬರುತ್ತಲೇ ಇರುತ್ತವೆ. ವಕೀಲರ ಅರ್ಜಿ, ತೊರವಿ ಕ್ಯಾಂಪಸ್ಸಿನ ಹುಡುಗಿಯರ ಪ್ರಬಂಧ, ಲಗ್ನಪತ್ರಿಕೆ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಉತಾರ, ಬ್ಯಾಂಕಿನ ಕಾಗದ. ಒಬ್ಬರ ಪೆನ್‌ಡ್ರೈವ್‌ನಿಂದ ಬಂದದ್ದು ಮುಂದಿನವರ ಪೆನ್‌ಡ್ರೈವ್‌ಗೆ ಹೋಗಬಾರದು. ನನಗೆ ಇದು ಮುಖ್ಯ. ನುಡಿ ಮತ್ತು ಪೇಜ್‌ಮೇಕರ್ ಇರುವ ವಿಂಡೋಸ್ ಯಂತ್ರ ಒಳಗಿದೆ. ಕೌಂಟರ್‌ನಲ್ಲಿರುವುದು ಉಬುಂಟು ಎಂಬ ಲಿನಕ್ಸ್. ಗಿರಾಕಿಯ ಪೆನ್‌ಡ್ರೈವ್ ಏನಿದ್ದರೂ ಮೊದಲು ಅದಕ್ಕೇ. ಅಲ್ಲಿ ತಪಾಸಣೆಯಾದ ಫೈಲ್ ಮಾತ್ರ ನೆಟ್‌ವರ್ಕ್ ಫೋಲ್ಡರ್ ಮೂಲಕ ಒಳಗಿನ ಯಂತ್ರಕ್ಕೆ ಹೋಗುತ್ತದೆ.

ಈ ಕೆಲಸಕ್ಕೆ ನಾನು ಬಳಸುವುದು ಕ್ಲಾಮ್‌ಎವಿ ಎಂಬ ಆಂಟಿವೈರಸ್. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ಈಗ ಸಿಸ್ಕೋ ಕಂಪನಿಯವರು ನೋಡಿಕೊಳ್ಳುತ್ತಾರೆ. ವಿಂಡೋಸ್ ವೈರಸ್ಸುಗಳ ಗುರುತುಗಳೂ ಅದರ ಪಟ್ಟಿಯಲ್ಲಿ ದಂಡಿಯಾಗಿ ಇರುವುದರಿಂದ ನನ್ನಂಥವರ ಕೌಂಟರ್‌ಗೆ ಸರಿಹೊಂದುತ್ತದೆ.

ಕೆಳಗಿನ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ಅಡ್ಡಗೆರೆ, ಓರೆಗೆರೆ ಇದ್ದ ಹಾಗೆಯೇ ಇರಲಿ. ಕ್ಲಾಮ್‌ಎವಿ ಎಂದರೆ ಸಿ, ಎಲ್, ಎ, ಎಂ, ಎ, ವಿ; ಎಲ್ಲ ಸೇರಿಸಿ ಒಂದೇ ಪದ.

ಉಬುಂಟು ಅಥವಾ ಡೆಬಿಯನ್ ಆದರೆ:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಕ್ಲಾಮ್‌ಎವಿ ಕ್ಲಾಮ್‌ಎವಿ-ಡೀಮನ್

ಫೆಡೊರಾದಲ್ಲಿ ಆಪ್ಟ್ ಬದಲು ಡಿಎನ್‌ಎಫ್, ಫ್ರೀಬಿಎಸ್‌ಡಿಯಲ್ಲಿ ಪಿಕೆಜಿ, ಮ್ಯಾಕ್‌ನಲ್ಲಿ ಹೋಮ್‌ಬ್ರೂ. ಪ್ಯಾಕೇಜಿನ ಹೆಸರು, ಸೆಟ್ಟಿಂಗ್ ಫೈಲ್ ಇರುವ ಜಾಗ ಸ್ವಲ್ಪ ಬದಲಾಗುತ್ತವೆ. ನಾನು ದಿನಾ ಬಳಸುವುದು ಉಬುಂಟು, ಮುಂದಿನದೆಲ್ಲ ಅದರ ಲೆಕ್ಕದಲ್ಲೇ.

ಹಾಕಿದ ಕೂಡಲೇ ಫ್ರೆಶ್‌ಕ್ಲಾಮ್ ಎಂಬ ಸರ್ವಿಸ್ ತಾನಾಗಿ ಶುರುವಾಗಿ ವೈರಸ್ ಗುರುತುಗಳ ಪಟ್ಟಿಯನ್ನು ಇಳಿಸಿಕೊಳ್ಳುತ್ತದೆ. ಮೊದಲ ಸಲ ನೂರು ಎಂಬಿಗೂ ಮೀರಿ ಡೇಟಾ ಬೇಕು. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೆಲಸ ನಡೆಸುವವರು ಗಮನಿಸಿ. ಆಮೇಲೆ ಬರುವುದು ಹೊಸದಾಗಿ ಸೇರಿದ ಚೂರುಪಾರು ಮಾತ್ರ. ಪಟ್ಟಿ ಕೂರುವುದು /ವಾರ್/ಲಿಬ್/ಕ್ಲಾಮ್‌ಎವಿ ಫೋಲ್ಡರ್‌ನಲ್ಲಿ: ಮೇನ್, ಡೈಲಿ, ಬೈಟ್‌ಕೋಡ್ ಎಂಬ ಮೂರು ಫೈಲ್. ದಿನದಿನಕ್ಕೆ ಬದಲಾಗುವುದು ಡೈಲಿ.

ಹೊಸಬರು ಇಲ್ಲೊಂದು ಕಡೆ ಗಾಬರಿಯಾಗುತ್ತಾರೆ. ಪಟ್ಟಿ ಬಂದಿದೆಯೋ ಇಲ್ಲವೋ ನೋಡೋಣ ಎಂದು ಸುಡೊ ಫ್ರೆಶ್‌ಕ್ಲಾಮ್ ಹೊಡೆದರೆ, ಲಾಗ್ ಫೈಲ್ ಬೇರೆ ಪ್ರೋಗ್ರಾಂ ಕೈಯಲ್ಲಿ ಲಾಕ್ ಆಗಿದೆ ಎಂಬ ಎರರ್ ಬರುತ್ತದೆ. ಏನೂ ಕೆಟ್ಟಿಲ್ಲ. ಸರ್ವಿಸ್ ಆಗಲೇ ಹಿಂದೆ ಓಡುತ್ತಿದೆ, ಅಷ್ಟೇ. ಅದರ ಸ್ಥಿತಿ ನೋಡಲು:

ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕ್ಲಾಮ್‌ಎವಿ-ಫ್ರೆಶ್‌ಕ್ಲಾಮ್

ಪಟ್ಟಿ ಪೂರ್ತಿ ಇಳಿಯುವ ತನಕ ಡೀಮನ್, ಅಂದರೆ ಹಿಂದೆ ಸದಾ ಓಡುತ್ತಿರುವ ತಪಾಸಣೆಯ ಪ್ರೋಗ್ರಾಂ, ಏಳುವುದಿಲ್ಲ. ಇಳಿದ ಮೇಲೆ ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಕ್ಲಾಮ್‌ಎವಿ-ಡೀಮನ್ ಎಂದರೆ ಸಾಕು.

ಈಗ ಎರಡು ಕಮಾಂಡ್‌ಗಳ ವ್ಯತ್ಯಾಸ ತಿಳಿಯಬೇಕು, ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲವಾಗುತ್ತದೆ. ಕ್ಲಾಮ್‌ಸ್ಕ್ಯಾನ್ ಎಂಬುದು ಪ್ರತಿ ಸಲವೂ ಇಡೀ ಪಟ್ಟಿಯನ್ನು ಮೆಮೊರಿಗೆ ಎಳೆದುಕೊಂಡು, ನೋಡಿ, ಮುಗಿಸಿ ಹೋಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಒಂದೇ ಒಂದು ಪುಟದ ಪಿಡಿಎಫ್ ನೋಡಲಿಕ್ಕೂ ಗಿರಾಕಿ ನಿಂತು ಕಾಯಬೇಕು. ನಡುವೆ ಒಂದು ಡಿ ಇರುವ ಕ್ಲಾಮ್‌ಡಿಸ್ಕ್ಯಾನ್ ಹಾಗಲ್ಲ. ಪಟ್ಟಿಯನ್ನು ಡೀಮನ್ ಆಗಲೇ ಮೆಮೊರಿಯಲ್ಲಿ ಹಿಡಿದು ಕೂತಿರುತ್ತದೆ, ಇದು ಹೋಗಿ ಕೇಳುತ್ತದೆ, ಉತ್ತರ ತಕ್ಷಣ ಬರುತ್ತದೆ. ಅದಕ್ಕೆ ತೆರುವ ಬೆಲೆ ರ‍್ಯಾಮ್. ಡೀಮನ್ ಒಂದೇ ಒಂದು ಜಿಬಿಯ ಆಸುಪಾಸು ಹಿಡಿಯಬಹುದು. ಕ್ಲಾಮ್‌ಎವಿಯ ಕೈಪಿಡಿಯೇ 3 ಜಿಬಿಗಿಂತ ಕಡಿಮೆ ರ‍್ಯಾಮ್ ಬೇಡ ಎನ್ನುತ್ತದೆ. ಹೊಸ ಪಟ್ಟಿ ಬಂದಾಗ ಹಳೆಯದನ್ನೂ ಹೊಸದನ್ನೂ ಸ್ವಲ್ಪ ಹೊತ್ತು ಒಟ್ಟಿಗೆ ಹಿಡಿಯುವುದರಿಂದ ಹಳೆಯ ಯಂತ್ರ ಆಗ ಜಗ್ಗುತ್ತದೆ. ಹಾಗಾದರೆ /ಇಟಿಸಿ/ಕ್ಲಾಮ್‌ಎವಿ ಒಳಗಿನ ಕ್ಲಾಮ್‌ಡಿ.ಕಾನ್ಫ್ ಫೈಲ್‌ನಲ್ಲಿ ಕಾನ್‌ಕರಂಟ್‌ಡೇಟಾಬೇಸ್‌ರೀಲೋಡ್ ಎಂಬುದನ್ನು ನೋ ಮಾಡಿ. ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ನೋಡುವವರಿಗೆ ಡೀಮನ್ ಬೇಡವೇ ಬೇಡ, ಕ್ಲಾಮ್‌ಸ್ಕ್ಯಾನ್ ಸಾಕು. ದಿನವಿಡೀ ಪೆನ್‌ಡ್ರೈವ್ ಬರುವ ಅಂಗಡಿ, ಕಾಲೇಜಿನ ಲ್ಯಾಬ್‌ಗೆ ಡೀಮನ್ ಇರಲೇಬೇಕು.

ಬಳಸುವ ಮೊದಲು ಇದು ನಿಜಕ್ಕೂ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ. ಅದಕ್ಕಾಗಿಯೇ ಅಪಾಯವಿಲ್ಲದ ಮಾದರಿ ಫೈಲ್‌ಗಳ ಪ್ಯಾಕೇಜ್ ಇದೆ:

ಸುಡೊ ಆಪ್ಟ್ ಇನ್‌ಸ್ಟಾಲ್ ಕ್ಲಾಮ್‌ಎವಿ-ಟೆಸ್ಟ್‌ಫೈಲ್ಸ್
ಕ್ಲಾಮ್‌ಸ್ಕ್ಯಾನ್ -ಆರ್ -ಐ /ಯುಎಸ್‌ಆರ್/ಶೇರ್/ಕ್ಲಾಮ್‌ಎವಿ-ಟೆಸ್ಟ್‌ಫೈಲ್ಸ್

ಸಾಲುಸಾಲಾಗಿ ಫೌಂಡ್ ಎಂದು ಬರಬೇಕು. -ಆರ್ ಎಂದರೆ ಒಳಗಿನ ಫೋಲ್ಡರ್‌ಗಳನ್ನೂ ನೋಡು, -ಐ ಎಂದರೆ ಸಿಕ್ಕಿಬಿದ್ದದ್ದನ್ನು ಮಾತ್ರ ತೋರಿಸು. ಕ್ಲಾಮ್‌ಸ್ಕ್ಯಾನ್‌ಗೆ -ಆರ್ ಹಾಕದಿದ್ದರೆ ಮೇಲಿನ ಪದರದ ಫೈಲ್‌ಗಳನ್ನಷ್ಟೇ ನೋಡಿ, ಸೋಂಕು ಸೊನ್ನೆ ಎಂದುಬಿಡುತ್ತದೆ. ಎಷ್ಟು ಫೈಲ್ ನೋಡಿದೆ ಎಂಬ ಲೆಕ್ಕ ಕೊನೆಯಲ್ಲಿ ಇರುತ್ತದೆ, ಅದರ ಮೇಲೆ ಕಣ್ಣಾಡಿಸಿ. ಕ್ಲಾಮ್‌ಡಿಸ್ಕ್ಯಾನ್‌ಗೆ -ಆರ್ ಬೇಕಿಲ್ಲ, ಒಳಗಿನದನ್ನೆಲ್ಲ ತಾನೇ ನೋಡುತ್ತದೆ.

ಪೆನ್‌ಡ್ರೈವ್ ಚುಚ್ಚಿದಾಗ ಉಬುಂಟು ಅದನ್ನು /ಮೀಡಿಯಾ ಫೋಲ್ಡರ್‌ನಲ್ಲಿ, ನಿಮ್ಮ ಯೂಸರ್ ಹೆಸರಿನ ಕೆಳಗೆ ಕೂರಿಸುತ್ತದೆ. ಯೂಸರ್ ಹೆಸರು ಅಂಗಡಿ ಎಂದಿದ್ದರೆ:

ಕ್ಲಾಮ್‌ಡಿಸ್ಕ್ಯಾನ್ --ಎಫ್‌ಡಿಪಾಸ್ -ಐ /ಮೀಡಿಯಾ/ಅಂಗಡಿ

ಎಫ್‌ಡಿಪಾಸ್ ಯಾಕೆಂದರೆ, ಡೀಮನ್ ಓಡುವುದು ಕ್ಲಾಮ್‌ಎವಿ ಎಂಬ ಬೇರೆ ಯೂಸರ್ ಹೆಸರಿನಲ್ಲಿ. ನಿಮ್ಮ ಹೆಸರಿನಲ್ಲಿ ತೆರೆದ ಪೆನ್‌ಡ್ರೈವ್ ಒಳಗೆ ಅದಕ್ಕೆ ಪ್ರವೇಶವಿಲ್ಲ. ಈ ಆಯ್ಕೆ ಕೊಟ್ಟರೆ ಫೈಲನ್ನು ನೀವೇ ತೆರೆದು ಅದರ ಕೈಗೆ ಕೊಟ್ಟಂತೆ. ಇಷ್ಟಾದರೂ ಡಿನೈಡ್ ಎಂದು ಬರುತ್ತಿದ್ದರೆ ತಡೆಯುತ್ತಿರುವುದು ಉಬುಂಟುವಿನ ಆಪ್‌ಆರ್ಮರ್ ಎಂಬ ಕಾವಲು ವ್ಯವಸ್ಥೆ. /ಇಟಿಸಿ/ಆಪ್‌ಆರ್ಮರ್.ಡಿ/ಲೋಕಲ್ ಫೋಲ್ಡರ್‌ನಲ್ಲಿ ಯುಎಸ್‌ಆರ್.ಎಸ್‌ಬಿನ್.ಕ್ಲಾಮ್‌ಡಿ ಹೆಸರಿನ ಫೈಲ್‌ಗೆ ಈ ಎರಡು ಸಾಲು ಸೇರಿಸಿ, ಕೊನೆಯ ಕಾಮಾ ಬಿಡಬೇಡಿ:

/ಮೀಡಿಯಾ/ ಆರ್,
/ಮೀಡಿಯಾ/** ಆರ್,

ಆಮೇಲೆ ಸುಡೊ ಸಿಸ್ಟಮ್‌ಸಿಟಿಎಲ್ ರೀಲೋಡ್ ಆಪ್‌ಆರ್ಮರ್.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಒಳಗೆ ಹೋಗಲಿಕ್ಕೇ ಆಗದಿದ್ದಾಗಲೂ ಕೊನೆಯ ಸಾರಾಂಶದಲ್ಲಿ ಸೋಂಕಿತ ಫೈಲ್ ಸೊನ್ನೆ ಎಂದೇ ಬರೆದಿರುತ್ತದೆ! ಅದರ ಕೆಳಗೆ ಟೋಟಲ್ ಎರರ್ಸ್ ಎಂಬ ಸಾಲು ಇರುತ್ತದೆ, ಗಡಿಬಿಡಿಯಲ್ಲಿ ಯಾರೂ ಅದನ್ನು ಓದುವುದಿಲ್ಲ. ಎರರ್ ಇದ್ದರೆ ಅಷ್ಟು ಫೈಲ್ ನೋಡಿಲ್ಲ ಎಂದೇ ಅರ್ಥ, ಶುದ್ಧ ಎಂದು ಅರ್ಥವಲ್ಲ. ಕಮಾಂಡ್ ಮುಗಿದ ಮೇಲೆ ಎಕೋ $? ಎಂದು ಹೊಡೆದರೆ ಒಂದು ಅಂಕಿ ಬರುತ್ತದೆ. 0 ಬಂದರೆ ಏನೂ ಸಿಕ್ಕಿಲ್ಲ, 1 ಬಂದರೆ ವೈರಸ್ ಸಿಕ್ಕಿದೆ, 2 ಬಂದರೆ ತಪಾಸಣೆಯಲ್ಲೇ ತೊಂದರೆ. ಅಂಗಡಿಯ ಹುಡುಗನಿಗೆ ನಾನು ಹೇಳಿಕೊಟ್ಟದ್ದು ಇಷ್ಟೇ: ಸೊನ್ನೆ ಬಂದರ ಮಾತ್ರ ಮುಂದ ಕಳಸು, ಎರಡು ಬಂದರ ನನ್ನ ಕರಿ. ಮೂರಕ್ಕೂ ಮೂರು ಬಣ್ಣದ ಸಂದೇಶ ಬರುವಂತೆ ಚಿಕ್ಕ ಸ್ಕ್ರಿಪ್ಟ್ ಬರೆದು ಡೆಸ್ಕ್‌ಟಾಪ್ ಮೇಲೆ ಐಕಾನ್ ಇಟ್ಟಿದ್ದೇನೆ, ಅವನಿಗೆ ಟರ್ಮಿನಲ್ ತೆರೆಯುವ ಪ್ರಸಂಗವೇ ಇಲ್ಲ.

ಸಿಕ್ಕಿದ್ದನ್ನು ಏನು ಮಾಡಬೇಕು? ರಿಮೂವ್ ಎಂಬ ಆಯ್ಕೆ ಇದೆ. ಅದನ್ನು ನನ್ನ ಅಂಗಡಿಯಲ್ಲಿ ಯಾರೂ ಮುಟ್ಟಕೂಡದು. ಪೆನ್‌ಡ್ರೈವ್ ಗಿರಾಕಿಯದು. ಸೋಂಕು ತಗುಲಿದ ವರ್ಡ್ ಫೈಲ್ ಅವರ ಎರಡು ವರ್ಷದ ಕೆಲಸದ ಏಕೈಕ ಪ್ರತಿಯೂ ಆಗಿರಬಹುದು. ಮೊದಲು ಬರೀ ಪಟ್ಟಿ ತೋರಿಸಿ, ಅವರನ್ನು ಕೇಳಿ, ಒಪ್ಪಿದರೆ ಮೂವ್ ಆಯ್ಕೆಯಿಂದ ಬೇರೆ ಫೋಲ್ಡರ್‌ಗೆ ಸರಿಸಿ:

ಕ್ಲಾಮ್‌ಡಿಸ್ಕ್ಯಾನ್ --ಎಫ್‌ಡಿಪಾಸ್ -ಐ --ಮೂವ್=/ಹೋಮ್/ಅಂಗಡಿ/ತಡೆದದ್ದು /ಮೀಡಿಯಾ/ಅಂಗಡಿ

ಆ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಜಾಗದಲ್ಲಿ ಅದು ಇರಬಾರದು.

ಪರೀಕ್ಷೆ, ಸಬ್ಮಿಷನ್ ಕಾಲದಲ್ಲಿ ಮತ್ತೆ ಮತ್ತೆ ಕೇಳುವ ಮಾತು: "ಅಕ್ಕಾರ, ಪೆನ್‌ಡ್ರೈವ್‌ನ್ಯಾಗ ಏನೂ ಕಾಣವಲ್ದು, ಬರೇ ಶಾರ್ಟ್‌ಕಟ್ ಅದಾವ, ಎಲ್ಲಾ ಹೋತೇನ್ರಿ?" ಹೋಗಿರುವುದಿಲ್ಲ. ಶಾರ್ಟ್‌ಕಟ್ ವೈರಸ್ ಮಾಡುವ ಕೆಲಸವೇ ಅದು. ಅಸಲಿ ಫೈಲ್‌ಗಳಿಗೆ ಹಿಡನ್ ಗುರುತು ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಕ್ಲಿಕ್ ಮಾಡಿದರೆ ಫೈಲೂ ತೆರೆಯುತ್ತದೆ, ವೈರಸ್ಸೂ ಓಡುತ್ತದೆ. ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದ ಫೋಲ್ಡರ್ ಒಳಗೆ ತಳ್ಳುತ್ತವೆ. ವಿಂಡೋಸ್‌ನ ಆ ಹಿಡನ್ ಗುರುತನ್ನು ಲಿನಕ್ಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೆನ್‌ಡ್ರೈವ್ ತೆರೆದ ಕೂಡಲೇ ಅಧ್ಯಾಯ ಒಂದು, ಎರಡು, ಗ್ರಂಥಸೂಚಿ ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ಹೆಸರಿಲ್ಲದ ಫೋಲ್ಡರ್ ಕೂಡ ಐಕಾನ್ ಆಗಿ ಕಾಣುತ್ತದೆ. "ಅದಾವ ನೋಡವ್ವಾ" ಎಂದು ಪರದೆ ತಿರುಗಿಸಿದಾಗ ಆ ಹುಡುಗಿಯರ ಮುಖ ನೋಡಬೇಕು. ಬೇಕಾದ ಫೈಲ್‌ಗಳನ್ನು ಉಬುಂಟುಗೆ ಕಾಪಿ ಮಾಡಿ, ಕಾಪಿಯನ್ನೂ ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಫೈಲ್‌ಗಳನ್ನು ಮತ್ತೆ ಹಾಕಿಕೊಡಿ. ನಿಮ್ಮ ಲಿನಕ್ಸ್‌ನಲ್ಲಿ ವೈನ್ ಹಾಕಿದ್ದರೆ ಮಾತ್ರ ಹುಷಾರ್, ವಿಂಡೋಸ್ ಪ್ರೋಗ್ರಾಂ ಅದರ ಮೂಲಕ ಓಡಬಹುದು. ಕೌಂಟರ್ ಯಂತ್ರದಲ್ಲಿ ವೈನ್ ಇಡಬೇಡಿ.

ವರ್ಡ್, ಎಕ್ಸೆಲ್ ಫೈಲ್‌ಗಳ ಒಳಗೆ ಕೂರುವ ಚಿಕ್ಕ ಪ್ರೋಗ್ರಾಂ, ಅಂದರೆ ಮ್ಯಾಕ್ರೋ ಬಗ್ಗೆ ಎಚ್ಚರಿಸಲು ಕ್ಲಾಮ್‌ಸ್ಕ್ಯಾನ್‌ಗೆ --ಅಲರ್ಟ್-ಮ್ಯಾಕ್ರೋಸ್=ಯೆಸ್ ಎಂದು ಕೊಡಬಹುದು. ಪ್ರಿಂಟ್‌ಗೆ ಬರುವ ಫೈಲ್‌ಗೆ ಮ್ಯಾಕ್ರೋದ ಅಗತ್ಯವೇ ಇರುವುದಿಲ್ಲ, ಆದ್ದರಿಂದ ಇದು ಒಳ್ಳೆಯದು. --ಅಲರ್ಟ್-ಎನ್‌ಕ್ರಿಪ್ಟೆಡ್ ಎಂಬ ಇನ್ನೊಂದಿದೆ, ಅದನ್ನು ಝೆರಾಕ್ಸ್ ಅಂಗಡಿಯವರು ಹಾಕಲೇಬೇಡಿ. ಪಾಸ್‌ವರ್ಡ್ ಇರುವ ಪಿಡಿಎಫ್ ಅನ್ನೂ ಅದು ಹಿಡಿಯುತ್ತದೆ. ಇ-ಆಧಾರ್ ಪಿಡಿಎಫ್ ಬರುವುದೇ ಪಾಸ್‌ವರ್ಡ್ ಸಮೇತ. ಜತೆಗೆ ಮೂವ್ ಕೂಡ ಇದ್ದರೆ ಗಿರಾಕಿಯ ಆಧಾರ್ ನಿಮ್ಮ ತಡೆದ ಫೋಲ್ಡರ್‌ಗೆ ಹೋಗಿ ಕೂರುತ್ತದೆ.

ಕೆಲವೊಮ್ಮೆ ಒಳ್ಳೆಯ ಫೈಲನ್ನೂ ವೈರಸ್ ಎನ್ನುವುದುಂಟು. ಅನುಮಾನ ಬಂದರೆ ವೈರಸ್‌ಟೋಟಲ್‌ನಂಥ ಜಾಲತಾಣದಲ್ಲಿ ನೋಡಬಹುದು. ಆದರೆ ಗಿರಾಕಿಯ ಕಾಗದಪತ್ರವನ್ನು ಅಲ್ಲಿಗೆ ಅಪ್‌ಲೋಡ್ ಮಾಡಬೇಡಿ, ಅದು ನಿಮ್ಮದಲ್ಲ. ಎಸ್‌ಎಚ್‌ಎ256ಸಮ್ ಕಮಾಂಡ್ ಮುಂದೆ ಫೈಲಿನ ಹೆಸರು ಕೊಟ್ಟರೆ ಉದ್ದನೆಯ ಗುರುತುಸಂಖ್ಯೆ ಬರುತ್ತದೆ, ಅದನ್ನಷ್ಟೇ ಹಾಕಿ ಹುಡುಕಿ.

ನಮ್ಮದೇ ಹೋಮ್ ಫೋಲ್ಡರನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಕಮಾಂಡನ್ನು ಚಿಕ್ಕ ಸ್ಕ್ರಿಪ್ಟ್ ಮಾಡಿ /ಇಟಿಸಿ/ಕ್ರಾನ್.ವೀಕ್ಲಿ ಒಳಗೆ ಹಾಕಿ. ಕರೆಂಟ್ ಹೋಗಿ ಯಂತ್ರ ಬಂದ್ ಆಗಿದ್ದರೂ ಅನಾಕ್ರಾನ್ ಮುಂದೆ ಯಂತ್ರ ಶುರುವಾದಾಗ ಬಾಕಿ ಕೆಲಸ ಮುಗಿಸುತ್ತದೆ. ಇಡೀ ಡಿಸ್ಕ್ ನೋಡುವವರು /ಪ್ರಾಕ್, /ಸಿಸ್, /ಡೆವ್ ಬಿಟ್ಟು ನೋಡಿ. ಅವು ಡಿಸ್ಕಿನ ಫೈಲ್‌ಗಳೇ ಅಲ್ಲ. ಫೈಲ್ ತೆರೆಯುವಾಗಲೇ ತಡೆಯುವ ಕ್ಲಾಮ್‌ಆನ್‌ಎಸಿಸಿ ಎಂಬುದೂ ಇದೆ. ಸರ್ವರ್‌ನಲ್ಲಿ ಹಂಚಿದ ಫೋಲ್ಡರ್ ಇರುವವರಿಗೆ ಅದು ಉಪಯೋಗ, ಕೌಂಟರ್‌ಗೆ ನಾನು ಹಾಕಿಲ್ಲ.

ಕ್ಲಾಮ್‌ಎವಿ ಇದೆ ಎಂದು ಉಳಿದದ್ದನ್ನು ಸಡಿಲ ಬಿಡಬೇಡಿ. ಮಿರಾಯ್ ಒಳನುಗ್ಗಿದ್ದು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಬದಲಿಸದ ಯಂತ್ರಗಳಿಗೆ. ಫೈಲ್ ನೋಡುವ ತಂತ್ರಾಂಶ ಅದನ್ನು ತಡೆಯಲಾರದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಪ್ಯಾಕೇಜಿನಲ್ಲಿ ಯಾರೋ ಹುದುಗಿಸಿಟ್ಟಿದ್ದ ಕಳ್ಳಬಾಗಿಲನ್ನು ಕಂಡುಹಿಡಿದದ್ದೂ ಆಂಟಿವೈರಸ್ ಅಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿ ಕಂಡುಕೊಂಡದ್ದು. ಸಿಸ್ಟಮ್ ಅಪ್‌ಡೇಟ್, ಗಟ್ಟಿ ಪಾಸ್‌ವರ್ಡ್ ಬೇಕೇ ಬೇಕು. ಒಳಗಿನ ವಿಂಡೋಸ್ ಯಂತ್ರದ ಡಿಫೆಂಡರ್ ಕೂಡ ಆನ್ ಇರಲಿ.

ತಿಂಗಳಿಗೊಮ್ಮೆ ಕ್ಲಾಮ್‌ಸ್ಕ್ಯಾನ್ --ವರ್ಷನ್ ಹೊಡೆದು ನೋಡಿ. ಓರೆಗೆರೆಗಳ ನಡುವೆ ಮೂರು ಮಾಹಿತಿ ಬರುತ್ತವೆ: ತಂತ್ರಾಂಶದ ಆವೃತ್ತಿ, ಡೈಲಿ ಪಟ್ಟಿಯ ಸಂಖ್ಯೆ, ಆ ಪಟ್ಟಿಯ ದಿನಾಂಕ. ದಿನಾಂಕ ವಾರಕ್ಕಿಂತ ಹಿಂದಿನದಿದ್ದರೆ ಫ್ರೆಶ್‌ಕ್ಲಾಮ್ ಲಾಗ್ ತೆರೆದು ಕಾರಣ ಹುಡುಕಿ. ಬೆಂಬಲ ಮುಗಿದ ಹಳೆಯ ಆವೃತ್ತಿಗಳಿಗೆ ಪಟ್ಟಿ ಕೊಡುವುದನ್ನೇ ನಿಲ್ಲಿಸುತ್ತಾರೆ. ಆಗ ಉಬುಂಟುವನ್ನೇ ಹೊಸ ಎಲ್‌ಟಿಎಸ್‌ಗೆ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಏರಿಸಬೇಕಾಗುತ್ತದೆ; ಆ ಕೆಲಸವನ್ನು ಗಿರಾಕಿ ಕಡಿಮೆ ಇರುವ ಭಾನುವಾರ, ಯುಪಿಎಸ್ ಪೂರ್ತಿ ಚಾರ್ಜ್ ಆದ ಮೇಲೆ ಹಿಡಿಯಿರಿ.