ಮೂವರ್ ಬ್ಲೇಡಿನ ನಟ್ಟು ಜಂಗು ಹಿಡಿದಿದೆಯಾ? ಮೊದಲು ಆ ಪೈಪ್ ಕೆಳಗಿಡಿ

ಧಾರವಾಡದ ಸುತ್ತಮುತ್ತ ಮಾವಿನ ತೋಟ ಇದ್ದವರಿಗೆ ಇದು ಗೊತ್ತಿರುವ ಮಾತೇ. ಮಳೆ ಮುಗಿದ ಮೇಲೆ ಗಿಡಗಳ ನಡುವೆ ಹುಲ್ಲು ಹೊಡೆಯುತ್ತೇವೆ, ಹಸಿ ಹುಲ್ಲು, ಕೆಸರು ಎಲ್ಲ ಮೂವರ್ (ಟ್ರ್ಯಾಕ್ಟರಿಗೆ ಕಟ್ಟುವ ಹುಲ್ಲು ಹೊಡೆಯುವ ಯಂತ್ರ) ತಳಕ್ಕೆ ಮೆತ್ತಿಕೊಂಡಿರುತ್ತದೆ, ಅದನ್ನು ಹಾಗೇ ಶೆಡ್ಡಿಗೆ ನೂಕಿ ಬಿಡುತ್ತೇವೆ. ಆ ಹುಲ್ಲು ಎಷ್ಟೋ ದಿನ ಪಸೆ ಹಿಡಿದು ಕೂರುತ್ತದೆ. ಮುಂದಿನ ಸಲ ಬ್ಲೇಡ್ ಬಿಚ್ಚಲು ಹೋದರೆ ನಟ್ಟು ಅಲುಗಾಡಲ್ಲ.

ಎರಡು ವರ್ಷದ ಹಿಂದೆ ನಾನು ಪಾನಾಕ್ಕೆ ಮೂರು ಅಡಿ ಪೈಪ್ ತೊಡಿಸಿ ಜಗ್ಗಿದೆ. ಬೋಲ್ಟ್ ಕಟ್ ಆಯಿತು. ಉಳಿದ ತುಂಡನ್ನು ಡ್ರಿಲ್ ಹೊಡೆದು ತೆಗೆಯಲು ಅರ್ಧ ದಿನ ಹೋಯಿತು. ಅವತ್ತಿನಿಂದ ನಾನು ಜೋರಿಗಿಂತ ಎಣ್ಣೆ, ಪೆಟ್ಟು, ಸಮಯ ಈ ಮೂರನ್ನೇ ಜಾಸ್ತಿ ನಂಬುತ್ತೇನೆ.

ಟ್ರ್ಯಾಕ್ಟರ್ ಬಂದ್ ಮಾಡಿ, ಚಾವಿ ಕಿಸೆಯಲ್ಲಿಟ್ಟುಕೊಳ್ಳಿ, ಟ್ರ್ಯಾಕ್ಟರಿನಿಂದ ಬ್ಲೇಡನ್ನು ತಿರುಗಿಸುವ ಪಿಟಿಒ ಶಾಫ್ಟ್ ಕಳಚಿ. ಹೈಡ್ರಾಲಿಕ್ ಯಂತ್ರವನ್ನು ಎತ್ತಿ ಹಿಡಿದಿದೆ ಅಂತ ಕೆಳಗೆ ತೂರಬೇಡಿ, ದಪ್ಪ ಮರದ ದಿಮ್ಮಿ ಕೊಟ್ಟೇ ಕೆಲಸಕ್ಕೆ ಕೂರಿ. ಬ್ಲೇಡ್ ತಿರುಗದಂತೆ ಒಂದು ಮರದ ತುಂಡು ಸಿಕ್ಕಿಸಿ.

ಆಮೇಲೆ ಮಣ್ಣು ತೆಗೆಯಿರಿ. ಎಲ್ಲರೂ ಬಿಡುವುದು ಇದನ್ನೇ. ಒಣಗಿದ ಎರೆ ಮಣ್ಣು ಸಿಮೆಂಟಿನ ಹಾಗೆ ಇರುತ್ತದೆ, ಅದರ ಮೇಲೆ ಎಣ್ಣೆ ಸುರಿದರೆ ಮಣ್ಣೇ ಕುಡಿಯುತ್ತದೆ, ಥ್ರೆಡ್ಡಿಗೆ ಒಂದು ಹನಿಯೂ ಹೋಗಲ್ಲ. ತಂತಿ ಬ್ರಷ್ ಹಿಡಿದು ಥ್ರೆಡ್ಡಿನ ಗೆರೆ ಕಾಣುವವರೆಗೆ ಉಜ್ಜಿ. ಆ ಗೆರೆಯನ್ನು ಸರಿಯಾಗಿ ನೋಡಿ ಕೂಡ. ಬೋಲ್ಟನ್ನು ನೆಟ್ಟಗೆ ಹಿಡಿದಂತೆ ನೋಡಿದಾಗ ಗೆರೆ ಬಲಕ್ಕೆ ಏರಿದರೆ ಮಾಮೂಲಿ ಥ್ರೆಡ್, ಎಡಕ್ಕೆ ಏರಿದರೆ ಉಲ್ಟಾ ಥ್ರೆಡ್, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಕೆಲವು ಮೂವರುಗಳಲ್ಲಿ ಉಲ್ಟಾ ಇರುತ್ತದೆ. ಗೊತ್ತಿಲ್ಲದೆ ಜಗ್ಗಿದರೆ ಸುಮ್ನೆ ಇನ್ನೂ ಬಿಗಿ ಮಾಡಿದಂತೆ, ಅಲ್ವಾ?

ಈಗ ಜಂಗು ಬಿಡಿಸುವ ಸ್ಪ್ರೇ ಹೊಡೆಯಿರಿ. ಇಲ್ಲದಿದ್ದರೆ ಡೀಸೆಲ್ ಕೂಡ ನಡೆಯುತ್ತದೆ, ನಿಧಾನ ಅಷ್ಟೇ. ಸಂಜೆ ಹಾಕಿ, ಮಲಗುವ ಮುಂಚೆ ಇನ್ನೊಮ್ಮೆ ಹಾಕಿ, ಬೆಳಿಗ್ಗೆ ನೋಡಿ. ಪಾನಾ ಹಾಕುವ ಮುಂಚೆ ನಟ್ಟಿನ ಪಕ್ಕಕ್ಕೆ ಸುತ್ತಿಗೆಯಿಂದ ಸುತ್ತಲೂ ಹತ್ತಿಪ್ಪತ್ತು ಪೆಟ್ಟು ಕೊಡಿ. ಜೋರಾಗಿ ಬೇಡ, ಟಣ್ ಟಣ್ ಅನ್ನುವಷ್ಟು. ಆ ನಡುಕಕ್ಕೆ ಜಂಗು ಒಡೆದು ಎಣ್ಣೆ ಒಳಗಿಳಿಯುತ್ತದೆ. ಥ್ರೆಡ್ಡಿನ ಬಾಯಲ್ಲಿ ಕೆಂಪು ರಾಡಿ ಹೊರಗೆ ಬಂದರೆ ಕೆಲಸ ಶುರುವಾಗಿದೆ ಅಂತ ಅರ್ಥ.

ತುದಿ ತೆರೆದ ಪಾನಾ ಬೇಡ, ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಆರು ಮೂಲೆಯ ಸಾಕೆಟ್ಟೇ ಸರಿ. ಮೊದಲು ಬಿಗಿ ಮಾಡುವ ಕಡೆಗೆ ಒಂಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಕಾಲು ಸುತ್ತು ಬಂತಾ? ಒಂದೇ ಸಲಕ್ಕೆ ಬಿಚ್ಚಲು ಹೋಗಬೇಡಿ, ಹಿಂದೆ ಮುಂದೆ ಆಡಿಸುತ್ತಾ ಎಣ್ಣೆ ಬಿಡುತ್ತಾ ತೆಗೆಯಿರಿ.

ಇಷ್ಟಕ್ಕೂ ಬರದಿದ್ದರೆ ಬೆಂಕಿ. ಎಣ್ಣೆ ಒರೆಸಿ, ಒಣ ಹುಲ್ಲು ಪೂರ್ತಿ ಕೆರೆದು, ಹತ್ತಿರ ಒಂದು ಬಕೆಟ್ ನೀರಿಟ್ಟುಕೊಂಡು, ನಟ್ಟನ್ನು ಮಾತ್ರ ಕಾಯಿಸಿ. ನಟ್ಟು ಹಿಗ್ಗಿ ಹಿಡಿತ ಬಿಡುತ್ತದೆ. ಗೇರ್‌ಬಾಕ್ಸ್ ಪಕ್ಕದ ನಟ್ಟಾದರೆ ಬೆಂಕಿ ಬೇಡವೇ ಬೇಡ, ಆಯಿಲ್ ಸೀಲ್ ಸುಡುತ್ತದೆ. ಅಲ್ಲಿ ಗ್ರೈಂಡರಿನಿಂದ ನಟ್ಟಿನ ಒಂದು ಪಕ್ಕ ಸೀಳಿ, ಚಾಣ ಇಟ್ಟು ಒಡೆಯುವುದೇ ಒಳ್ಳೆಯದು.

ಕಾಯಿಸಿದ ನಟ್ಟು ಬೋಲ್ಟನ್ನು ಮತ್ತೆ ಹಾಕಬೇಡಿ. ಕಾದ ಉಕ್ಕು ಬಲ ಕಳೆದುಕೊಳ್ಳುತ್ತದೆ, ಬ್ಲೇಡ್ ಹಾರಿದರೆ ಯಾರ ಕಾಲಿಗೆ ಬೀಳುತ್ತದೋ ಹೇಳಲಾಗದು. ಹಳೇ ಬೋಲ್ಟಿನ ತಲೆ ಮೇಲೆ ಅದರ ಬಲ ಹೇಳುವ ನಂಬರ್ ಇರುತ್ತದೆ, 8.8 ಇದ್ದರೆ 8.8, 10.9 ಇದ್ದರೆ 10.9, ಅದೇ ನಂಬರ್ ಕೇಳಿ ತನ್ನಿ. ಹೊಸದನ್ನು ಬಿಗಿ ಮಾಡಿ ಒಂದು ತಾಸು ಹುಲ್ಲು ಹೊಡೆದ ಮೇಲೆ, ಟ್ರ್ಯಾಕ್ಟರ್ ಬಂದ್ ಮಾಡಿ ಇನ್ನೊಮ್ಮೆ ಪಾನಾ ಹಾಕಿ ನೋಡಿ.