ಹದಿನಾಲ್ಕು ವರ್ಷ ಪ್ಲಾಂಟಲ್ಲಿ ಕೆಲಸ ಮಾಡಿ ಆಮೇಲೆ ಎಂಬಿಎಗೆ ಅಪ್ಲೈ ಮಾಡಿದ್ದು: ನನ್ನ ಅನುಭವ

ನಾನು ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನೀಲಿ ಕ್ವಾಲಿಟಿ ಹೆಡ್. ಟೂವೀಲರ್‌ಗೆ ಏರ್ ಫಿಲ್ಟರ್ ಅಸೆಂಬ್ಲಿ ಮಾಡ್ತೀವಿ. ಮನೆ ಕೋಲಾರ ಟೌನಲ್ಲೇ, ಗಂಡನ ಮನೆಯವರು ಮೂಲತಃ ಕೆಜಿಎಫ್ ಕಡೆಯೋರು. ಹೋದ ವರ್ಷ ಬಿಸಿನೆಸ್ ಸ್ಕೂಲುಗಳಿಗೆ ಅಪ್ಲೈ ಮಾಡಿ ಈಗ ಬೆಂಗಳೂರಿನ ಒಂದು ವೀಕೆಂಡ್ ಪ್ರೋಗ್ರಾಮಲ್ಲಿ ಓದ್ತಾ ಇದೀನಿ. ನರಸಾಪುರ, ವೇಮಗಲ್, ಮಾಲೂರು ಕಡೆ ಪ್ಲಾಂಟುಗಳಲ್ಲಿರೋ 35-40 ವಯಸ್ಸಿನೋರು ಯಾರಾದ್ರೂ ಸಿಕ್ಕಿದ್ರೆ ಮೊದಲು ಕೇಳೋದು ಒಂದೇ, ಮೇಡಂ ಎಂಟ್ರೆನ್ಸ್ ಟೆಸ್ಟಲ್ಲಿ ಸ್ಕೋರ್ ಎಷ್ಟು ಬೇಕು. ಸ್ಕೋರ್ ಅನ್ನೋದು ಗೇಟ್ ಪಾಸ್ ಇದ್ದಹಾಗೆ ಕಣ್ರಿ, ಅದಿಲ್ದೆ ಒಳಗೆ ಬಿಡಲ್ಲ ನಿಜ, ಆದ್ರೆ ಅದನ್ನ ತೋರ್ಸಿದ ತಕ್ಷಣ ಯಾರೂ ಕೂರ್ಸಿ ಕಾಫಿ ಕೊಡಲ್ಲ. ನಮ್ಮ ವಯಸ್ಸಿನೋರ ಅರ್ಜಿಯಲ್ಲಿ ಅವರು ಹುಡುಕೋದು, ಇಷ್ಟು ವರ್ಷದಲ್ಲಿ ನೀನಾಗೇ ತಗೊಂಡ ನಿರ್ಧಾರ ಯಾವ್ದು, ಅದ್ರಿಂದ ಏನಾಯ್ತು, ಈಗ ಯಾಕೆ ಓದೋಕೆ ಹೊರಟಿದ್ದೀಯ, ಇಷ್ಟೇ. ಸರ್ವಿಸ್ ಎಷ್ಟು ವರ್ಷ ಅನ್ನೋದಕ್ಕೆ ಅಷ್ಟೇನೂ ಬೆಲೆ ಇಲ್ಲ, ಹದಿನಾಲ್ಕು ವರ್ಷ ಒಂದೇ ಕೆಲಸ ಮಾಡಿದೋರೂ ಇರ್ತಾರಲ್ಲ.

ಈಗ ಯಾಕೆ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇತ್ತು. ಎಲೆಕ್ಟ್ರಿಕ್ ಸ್ಕೂಟರ್‌ಗೆ ಇಂಜಿನ್ನೇ ಇಲ್ಲ, ಇಂಜಿನ್ ಇಲ್ಲ ಅಂದ್ಮೇಲೆ ನಮ್ಮ ಏರ್ ಫಿಲ್ಟರ್ ಯಾರಿಗೆ ಬೇಕು? ಪೆಟ್ರೋಲ್ ಗಾಡಿ ನಾಳೆ ಬೆಳಗ್ಗೆನೇ ನಿಂತೋಗಲ್ಲ, ಆದ್ರೆ ನಾನು ರಿಟೈರ್ ಆಗೋಕೆ ಇನ್ನೂ ಇಪ್ಪತ್ತು ವರ್ಷ ಇದೆ. ನಮ್ಮ ಮಾವ ಕೆಜಿಎಫ್ ಚಿನ್ನದ ಗಣಿ ನಡೆಸ್ತಿದ್ದ ಸರ್ಕಾರಿ ಕಂಪನಿ ಬಿಜಿಎಂಎಲ್‌ನಲ್ಲಿದ್ದೋರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಜೊತೆಯಲ್ಲಿದ್ದೋರೆಲ್ಲ ಎಲ್ಲೆಲ್ಲಿ ಹೋದ್ರು, ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಲ್ಲಿ ಏನೇನು ಕೆಲಸ ಮಾಡಿದ್ರು ಅಂತ ಇವತ್ತಿಗೂ ಹೇಳ್ತಾರೆ. ಅದನ್ನ ಕೇಳ್ಕೊಂಡೇ ಇರೋ ಮನೇಲಿ ಒಂದೇ ಪ್ರಾಡಕ್ಟ್ ನಂಬ್ಕೊಂಡು ಕೂರೋಕೆ ಭಯ ಆಗುತ್ತೆ. ಕ್ವಾಲಿಟಿ ಬಿಟ್ಟು ಬಿಸಿನೆಸ್ ಕಡೆ ಹೋಗ್ಬೇಕು, ಹೊಸ ಪ್ರಾಡಕ್ಟ್ ಯಾವ್ದಕ್ಕೆ ದುಡ್ಡು ಹಾಕ್ಬೇಕು ಅಂತ ತೀರ್ಮಾನ ಮಾಡೋ ಮೀಟಿಂಗಲ್ಲಿ ನಾನೂ ಇರ್ಬೇಕು ಅನ್ನೋದು ನನ್ನ ಕಾರಣ. ನಿಮ್ಮ ಕಾರಣ ಬೇರೆ ಇರ್ಬಹುದು, ಆದ್ರೆ ಸಂಬಳ ಜಾಸ್ತಿ ಆಗ್ಲಿ ಅಂತ, ಪ್ರಮೋಷನ್ ಸಿಗ್ತಿಲ್ಲ ಅಂತ ಹೋದ್ರೆ ಅರ್ಜಿ ಜೊತೆ ಕೊಡೋ ಎಸ್ಸೇಲಿ ಬರೆಯೋಕೆ ಏನೂ ಸಿಗಲ್ಲ.

ಯಾವ ಕೋರ್ಸು ಅನ್ನೋದು ಇದಾದ್ಮೇಲೆ. ಕ್ಯಾಟ್ ಎಂಟ್ರೆನ್ಸ್ ಬರ್ದು ಹೋಗೋ ಎರಡು ವರ್ಷದ ರೆಗ್ಯುಲರ್ ಕೋರ್ಸಲ್ಲಿ ಹೆಚ್ಚಿನೋರು ಇಪ್ಪತ್ತೈದರ ಒಳಗಿನ ಹುಡುಗರು, ಅಲ್ಲಿ ನಮಗೆ ಕೆಲಸ ಇಲ್ಲ. ಅನುಭವ ಇರೋರಿಗೆ ಅಂತಲೇ ಒಂದು ವರ್ಷದ ಫುಲ್‌ಟೈಮ್ ಕೋರ್ಸುಗಳಿವೆ, ಐಐಎಂ ಬೆಂಗಳೂರಿನ ಇಪಿಜಿಪಿ, ಅಹಮದಾಬಾದಿನ ಪಿಜಿಪಿಎಕ್ಸ್, ಕಲ್ಕತ್ತಾದ ಎಂಬಿಎಎಕ್ಸ್ (ಮುಂಚೆ ಪಿಜಿಪಿಇಎಕ್ಸ್ ಅಂತಿತ್ತು), ಲಖನೌದ ಐಪಿಎಂಎಕ್ಸ್. ಕೆಲಸ ಬಿಡದೇ ಓದೋಕೆ ಐಐಎಂ ಬೆಂಗಳೂರಿನ ಪಿಜಿಪಿಇಎಂ, ಐಎಸ್‌ಬಿಯ ಪಿಜಿಪಿ ಪ್ರೊ ಥರದ್ದು, ಹತ್ತು ವರ್ಷಕ್ಕೆ ಮೇಲ್ಪಟ್ಟು ಅನುಭವ ಇರೋ ಸೀನಿಯರ್‌ಗಳಿಗೆ ಪಿಜಿಪಿ ಮ್ಯಾಕ್ಸ್. ಫುಲ್‌ಟೈಮ್ ಅಂದ್ರೆ ದೊಡ್ಡ ಹೆಸರಿನ ಕಡೆ ಫೀಸೇ 30 ಲಕ್ಷ ದಾಟುತ್ತೆ ಅಂತ ಇಟ್ಕೊಳ್ಳಿ, ಮೇಲೆ ಒಂದು ವರ್ಷ ಸಂಬಳ ಇಲ್ಲ, ಮನೆ ಲೋನ್ ಇಎಂಐ ಮಾತ್ರ ನಿಲ್ಲಲ್ಲ. ಮಗಳು ಆರನೇ ಕ್ಲಾಸು, ಮಾವನಿಗೆ ಉಸಿರಾಟದ ತೊಂದ್ರೆ, ಹಾಗಾಗಿ ನನಗೆ ವೀಕೆಂಡೇ ಸರಿ ಅನ್ನಿಸ್ತು. ಇನ್ನೊಂದು ಮಾತು, ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸುಗಳ ಜಾಹೀರಾತು ಫೋನ್ ತೆಗೆದ್ರೆ ಸಾಕು ಬರುತ್ತೆ, ದೊಡ್ಡ ಇನ್‌ಸ್ಟಿಟ್ಯೂಟ್ ಲೋಗೋನೂ ಇರುತ್ತೆ. ಅದು ಡಿಗ್ರಿ ಅಲ್ಲ. ಐಐಎಂಗಳೂ 2017ರ ಕಾಯ್ದೆ ಬರೋವರೆಗೆ ಡಿಪ್ಲೊಮಾನೇ ಕೊಡ್ತಿದ್ದಿದ್ದು, ಈಗ ಡಿಗ್ರಿ ಕೊಡ್ತವೆ, ಆದ್ರೆ ಯಾವ ಕೋರ್ಸಿಗೆ ಡಿಗ್ರಿ ಯಾವ್ದಕ್ಕೆ ಬರೀ ಸರ್ಟಿಫಿಕೇಟ್ ಅಂತ ಅವರ ಪ್ರಾಸ್ಪೆಕ್ಟಸ್‌ನಲ್ಲೇ ನೋಡ್ಕೊಳ್ಳಿ, ಫೋನ್ ಮಾಡೋ ಕೌನ್ಸೆಲರ್ ಮಾತು ಕೇಳ್ಬೇಡಿ.

ಟೆಸ್ಟಿಗೆ ಬರ್ತೀನಿ. ಈ ಥರದ ಕೋರ್ಸುಗಳಿಗೆ ಬರೆಯೋ ಎಂಟ್ರೆನ್ಸ್ ಟೆಸ್ಟು ಜಿಮ್ಯಾಟ್, ಅದು 2023ರ ನವೆಂಬರಿಂದ ಹೊಸ ರೂಪದಲ್ಲಿದೆ. ಲೆಕ್ಕದ ಕ್ವಾಂಟ್, ಇಂಗ್ಲಿಷ್ ಓದಿ ಉತ್ತರಿಸೋ ವರ್ಬಲ್, ಟೇಬಲ್ಲು-ಗ್ರಾಫಿನ ಡೇಟಾ ಇನ್‌ಸೈಟ್ಸ್ ಅಂತ ಮೂರು ಭಾಗ, ಒಂದೊಂದಕ್ಕೆ 45 ನಿಮಿಷ, ಒಟ್ಟು 64 ಪ್ರಶ್ನೆ, ಸ್ಕೋರ್ 205ರಿಂದ 805ರವರೆಗೆ. ಹಳೇ 700 ಅಂದ್ರೆ ಈಗಿನ 645ರ ಹತ್ರ, ಅದಕ್ಕೇ ಹಳೇ ವಿಡಿಯೋ ನೋಡ್ಕೊಂಡು 700 ಬರ್ಲಿಲ್ಲ ಅಂತ ಅಳ್ಬೇಡಿ. ಕ್ವಾಂಟಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಡೇಟಾ ಇನ್‌ಸೈಟ್ಸಲ್ಲಿ ಇದೆ. ಟೇಬಲ್ಲು, ಗ್ರಾಫು ನಮ್ಮ ದಿನದ ಊಟ, ಹಾಗಾಗಿ ಅದು ಕಷ್ಟ ಆಗ್ಲಿಲ್ಲ. ನಾನು ಹತ್ತನೇ ಕ್ಲಾಸುವರೆಗೆ ಕನ್ನಡ ಮೀಡಿಯಂ, ವರ್ಬಲ್ ಅಂದ್ರೆ ಹೆದರಿಕೆ ಇತ್ತು. ಆದ್ರೆ ವರ್ಬಲ್ ಒಳಗೆ ಬರೋ ಕ್ರಿಟಿಕಲ್ ರೀಸನಿಂಗ್ ಅನ್ನೋದು ಇಂಗ್ಲಿಷ್ ಪರೀಕ್ಷೆಗಿಂತ ತರ್ಕದ ಪರೀಕ್ಷೆ. ಮನೇಲಿ ಟೊಮೆಟೊ ಮೇಲೇನೇ ಪ್ರಶ್ನೆ ಮಾಡ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಅದ್ರಿಂದ ಆ ವರ್ಷ ನಮ್ಮ ರೈತರೆಲ್ಲ ಲಾಭ ಮಾಡಿದ್ರು ಅಂತ ಒಬ್ರು ಹೇಳಿದ್ರೆ, ಆ ಮಾತಿನ ಒಳಗೆ ಹೇಳದೇ ಬಿಟ್ಟಿರೋದು ಏನು? ಆ ಬೆಲೆ ಬಂದಾಗ ಎಲ್ಲರ ಹೊಲದಲ್ಲೂ ಕೀಳೋಕೆ ಕಾಯಿ ಇತ್ತು ಅನ್ನೋದು. ಎಲೆಸುರುಳಿ ರೋಗ ಬಂದು ಬೆಳೆನೇ ಇಲ್ದೆ ಇದ್ದೋನಿಗೆ ಬೆಲೆ ಎಷ್ಟಾದ್ರೇನು. ಹಿಂಗೆ ಯೋಚ್ನೆ ಮಾಡೋಕೆ ಶುರು ಮಾಡಿದ್ರೆ ಪ್ರಶ್ನೆ ಬೇಗ ಬಿಚ್ಕೊಳ್ಳುತ್ತೆ, ಪ್ಲಾಂಟಲ್ಲಿ ಯಾಕೆ ಯಾಕೆ ಅಂತ ಕೇಳ್ತಾ ಮೂಲಕ್ಕೆ ಹೋಗೋ ವೈ-ವೈ ಅನಾಲಿಸಿಸ್ ಮಾಡೋರಿಗಂತೂ ಇದು ಹೊಸದೇನಲ್ಲ.

ಟೆಸ್ಟ್ ಬುಕ್ ಮಾಡೋವಾಗ ಹೆಸರು ಪಾಸ್‌ಪೋರ್ಟಲ್ಲಿ ಇರೋಹಾಗೇ ಹಾಕಿ. ನಮ್ಮ ಕಡೆ ಇದೊಂದು ದೊಡ್ಡ ತಲೆನೋವು, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಲ್ಲಿ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರಲ್ಲಿ ಗಂಡನ ಹೆಸರು, ಮೂರೂ ಬೇರೆ ಬೇರೆ. ನಾನು ನೋಟರಿ ಹತ್ರ ಒಂದು ಅಫಿಡವಿಟ್ ಮಾಡ್ಸಿ ಇಟ್ಕೊಂಡೆ, ಆಮೇಲೆ ಬ್ಯಾಂಕಲ್ಲೂ ಅದೇ ಉಪಯೋಗಕ್ಕೆ ಬಂತು.

ನಾನು ಜಾಸ್ತಿ ಟೈಮ್ ಹಾಕಿದ್ದು ಎಸ್ಸೇಗೆ. ಮೊದಲು ಬರೆದಿದ್ದು ಹೀಗಿತ್ತು: ಲೀಕೇಜ್ ರಿಜೆಕ್ಷನ್ ಕಂಡುಬಂದಾಗ ಕ್ರಾಸ್ ಫಂಕ್ಷನಲ್ ಟೀಮ್ ಮಾಡಿ, 8ಡಿ ಮಾಡಿ, ಪಿಎಫ್‌ಎಂಇಎ ಅಪ್‌ಡೇಟ್ ಮಾಡಿ, ಕಸ್ಟಮರ್ ಪಿಪಿಎಂ ಕಡಿಮೆ ಮಾಡಲಾಯಿತು. (8ಡಿ ಅಂದ್ರೆ ದೋಷದ ಮೂಲ ಹುಡುಕಿ ಸರಿ ಮಾಡೋ ಎಂಟು ಹಂತದ ವಿಧಾನ, ಪಿಎಫ್‌ಎಂಇಎ ಅಂದ್ರೆ ಎಲ್ಲೆಲ್ಲಿ ತಪ್ಪಾಗ್ಬಹುದು ಅನ್ನೋ ಪಟ್ಟಿ, ಪಿಪಿಎಂ ಅಂದ್ರೆ ಹತ್ತು ಲಕ್ಷ ಪೀಸಿಗೆ ಎಷ್ಟು ದೋಷ ಅನ್ನೋ ಲೆಕ್ಕ.) ನಮ್ಮ ನಾದಿನಿ ಪಿಯು ಕಾಲೇಜಲ್ಲಿ ಕಾಮರ್ಸ್ ಲೆಕ್ಚರರ್, ಅವಳಿಗೆ ಓದೋಕೆ ಕೊಟ್ಟೆ. ಪೂರ್ತಿ ಓದಿ "ಅತ್ತಿಗೆ, ಇದ್ರಲ್ಲಿ ನೀವೆಲ್ಲಿದೀರ?" ಅಂದ್ಳು. ಸರಿ, ಅವತ್ತು ರಾತ್ರಿ ನಿಜವಾಗ್ಲೂ ಏನಾಯ್ತು ಬಾಯಲ್ಲೇ ಹೇಳಿ ಅಂತ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ಳು.

ಆಗಿದ್ದಿಷ್ಟು. ನೈಟ್ ಶಿಫ್ಟಲ್ಲಿ ಡಿಸ್ಪ್ಯಾಚ್‌ಗೆ ಲಾರಿ ಲೋಡಾಗಿ ನಿಂತಿತ್ತು, ಕಸ್ಟಮರ್ ಲೈನಲ್ಲಿ ಬೆಳಗಿನ ಶಿಫ್ಟಿಗೆ ಬೇಕಾದಷ್ಟು ಸ್ಟಾಕ್ ಇಲ್ಲ. ಕೊನೇದಾಗಿ ಚೆಕ್ ಮಾಡೋಕೆ ತೆಗೆದ ಪೀಸಲ್ಲಿ ಫೋಮ್ ಸೀಲ್ ಒಂದು ಮೂಲೇಲಿ ಎದ್ದಿತ್ತು, ಉಗುರಲ್ಲಿ ಒತ್ತಿದ್ರೆ ಕೂರುತ್ತೆ, ಬಿಟ್ರೆ ಮತ್ತೆ ಏಳುತ್ತೆ. ಧೂಳು ಒಳಗೆ ಹೋದ್ರೆ ಇಂಜಿನ್‌ಗೆ ಏಟು. ಪ್ಲಾಂಟ್ ಹೆಡ್ ಫೋನ್ ಸಿಗ್ತಿಲ್ಲ. ಸೂಪರ್‌ವೈಸರ್ "ಮೇಡಂ ಕಳ್ಸಿಬಿಡೋಣ, ಅಲ್ಲಿ ಹೋಗಿ ಸಾರ್ಟ್ ಮಾಡೋಣ" ಅಂತ ಒತ್ತಾಯ ಮಾಡ್ತಿದ್ದ. ನಾನು ಲಾಟ್ ಹೋಲ್ಡ್ ಮಾಡಿ, ಅಂದ್ರೆ ಆ ಸರಕು ಪೂರ್ತಿ ತಡೆದು, ಲಾರಿ ಇಳಿಸಿ, ಕಸ್ಟಮರ್ ಕ್ವಾಲಿಟಿಯವರಿಗೆ ನಾನೇ ಫೋನ್ ಮಾಡಿ ಬೆಳಗ್ಗೆ ಅರ್ಧ ಲೋಡ್ ಮಾತ್ರ ಬರುತ್ತೆ ಅಂದೆ. ಅವರು ಬೈದ್ರು, ಲೈನ್ ನಿಂತಿದ್ದಕ್ಕೆ ನಷ್ಟವನ್ನ ನಮ್ಮ ಲೆಕ್ಕಕ್ಕೆ ಹಾಕೋ ಡೆಬಿಟ್ ನೋಟೂ ಬಂತು, ಆ ತಿಂಗಳ ಸಪ್ಲೈಯರ್ ರೇಟಿಂಗ್ ಇಳೀತು. ಫೀಲ್ಡಿಂದ, ಅಂದ್ರೆ ಗಾಡಿ ಓಡ್ಸೋರಿಂದ, ಕಂಪ್ಲೇಂಟ್ ಮಾತ್ರ ಒಂದೂ ಬರ್ಲಿಲ್ಲ. ಆಮೇಲೆ ಮ್ಯಾನೇಜ್‌ಮೆಂಟ್ ಹತ್ರ ಜಗಳ ಆಡಿ, ಶಿಫ್ಟ್ ಇನ್‌ಚಾರ್ಜ್ ಯಾರನ್ನೂ ಕೇಳದೇ ಲಾಟ್ ಹೋಲ್ಡ್ ಮಾಡ್ಬಹುದು ಅಂತ ರೂಲ್ ಮಾಡಿಸ್ದೆ.

ಇದನ್ನೇ ಇಂಗ್ಲಿಷಲ್ಲಿ ಸರಳವಾಗಿ ಬರೆದೆ, ಡೆಬಿಟ್ ನೋಟ್ ವಿಷಯ ಸಮೇತ. 8ಡಿ ಅನ್ನೋ ಪದನೇ ತೆಗೆದೆ. ಪ್ಲಾಂಟ್ ನೋಡದೇ ಇರೋರಿಗೂ ಅರ್ಥ ಆಗ್ಬೇಕು, ಅರ್ಥ ಆಗೋದ್ರ ಜೊತೆ ಇವಳು ಇಲ್ದೆ ಇದ್ದಿದ್ರೆ ಲಾರಿ ಹೋಗ್ತಿತ್ತು ಅನ್ನೋದು ಕಾಣ್ಬೇಕು. ಎಐ ಕೈಲಿ ಬರೆಸಿದ ಎಸ್ಸೇ ಕೂಡ ಒಂದೆರಡು ನೋಡಿದೀನಿ ಫ್ರೆಂಡ್ಸ್‌ದು, ಎಲ್ಲರೂ ಟೀಮನ್ನ ಸ್ಫೂರ್ತಿಗೊಳಿಸಿ ಸವಾಲುಗಳನ್ನ ಎದುರಿಸಿದೋರೇ, ಒಬ್ರದ್ದು ಇನ್ನೊಬ್ರಿಗೆ ಹೆಸರು ಬದ್ಲಾಯಿಸಿ ಕೊಡ್ಬಹುದು.

ರೆಕಮೆಂಡೇಷನ್, ಅಂದ್ರೆ ಬಾಸ್ ನಮ್ಮ ಬಗ್ಗೆ ಸ್ಕೂಲಿಗೆ ಬರೆಯೋ ಶಿಫಾರಸು ಪತ್ರದ ವಿಷಯದಲ್ಲಿ ನಮ್ಮ ಕಡೆ ಒಂದು ಪದ್ಧತಿ ಇದೆಯಲ್ಲ, ನಮ್ಮ ಪ್ಲಾಂಟ್ ಹೆಡ್ಡೂ ಅದನ್ನೇ ಹೇಳಿದ್ರು: "ನೀನೇ ಬರ್ಕೊಂಡ್ ಬಾಮ್ಮ, ಸೈನ್ ಹಾಕ್ಕೊಡ್ತೀನಿ." ಪ್ರೀತಿಯಿಂದಲೇ ಹೇಳಿದ್ದು. ಆದ್ರೆ ಲಿಂಕ್ ಅವರ ಮೇಲ್‌ಗೇ ಹೋಗುತ್ತೆ, ಅವರೇ ತುಂಬ್ಬೇಕು, ನಾವು ಬರೆಯೋದು ಸ್ಕೂಲುಗಳ ನಿಯಮಕ್ಕೇ ವಿರುದ್ಧ, ಮೇಲೆ ಎಸ್ಸೇ ಭಾಷೆ, ಲೆಟರ್ ಭಾಷೆ ಒಂದೇ ಥರ ಇದ್ರೆ ಓದೋರಿಗೆ ಗೊತ್ತಾಗ್ದೇ ಇರುತ್ತಾ. ಬಹಳ ಸ್ಕೂಲುಗಳು ಬಳಸೋ ಕಾಮನ್ ಫಾರ್ಮಲ್ಲಿ ಇವರ ಜೊತೆಗಾರರಿಗೆ ಹೋಲಿಸಿದ್ರೆ ಇವರು ಹೇಗೆ, ಇವರಿಗೆ ನೀವು ಕೊಟ್ಟ ಮುಖ್ಯವಾದ ಫೀಡ್‌ಬ್ಯಾಕ್ ಏನು, ಅದಕ್ಕೆ ಇವರು ಏನ್ ಮಾಡಿದ್ರು ಅಂತೆಲ್ಲ ಕೇಳ್ತಾರೆ. ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಅಂತ ಎರಡು ಲೈನ್ ಬರೆದ್ರೆ ಆಗಲ್ಲ. ನಾನು ಏನ್ ಮಾಡ್ದೆ ಅಂದ್ರೆ ಅವರ ಕ್ಯಾಬಿನ್ನಲ್ಲಿ ಒಂದು ಮಧ್ಯಾಹ್ನ ಕೂತು, ನಾವಿಬ್ರೂ ಜೊತೇಲಿ ಮಾಡಿದ ಕೆಲಸಗಳನ್ನ ತಾರೀಖಿನ ಸಮೇತ ನೆನಪು ಮಾಡಿಸ್ದೆ, ಬೇರೆ ಏನೂ ಕೊಡ್ಲಿಲ್ಲ. ಅವರು ಕೊನೆಗೆ ಬರ್ದಿದ್ದು ಏನು ಅಂತ ನಾನು ನೋಡಿಲ್ಲ, ಆದ್ರೆ ಇಂಟರ್‌ವ್ಯೂನಲ್ಲಿ ನಿಮ್ಮ ಬಾಸ್ ಪ್ರಕಾರ ನೀವು ಮೀಟಿಂಗಲ್ಲಿ ಬೇರೆಯವರ ಮಾತು ಮುಗಿಯೋಕೆ ಬಿಡಲ್ವಂತೆ ಅಂತ ಕೇಳಿದ್ರು! ನಿಜಾನೇ. ನಗು ಬಂತು, ಒಪ್ಕೊಂಡೆ, ಪ್ಯಾನೆಲ್‌ನೋರೂ ನಕ್ರು. ಎಂಡಿ ಹತ್ರ ಬರೆಸಿದ್ರೆ ತೂಕ ಜಾಸ್ತಿ ಅಂತ ಕೆಲವರು ಹೇಳ್ತಾರೆ, ವರ್ಷಕ್ಕೊಂದ್ಸಲ ಆಯುಧಪೂಜೆಗೆ ಮುಖ ನೋಡೋ ಎಂಡಿ ಏನ್ ಬರೀತಾರೆ. ಇನ್ನೊಂದು, ರೆಕಮೆಂಡ್ ಮಾಡೋರದ್ದು ಕಂಪನಿ ಮೇಲ್ ಐಡಿ ಇರ್ಲಿ. ಚಿಕ್ಕ ಕಂಪನಿಗಳಲ್ಲಿ ಎಲ್ಲ ಜಿಮೇಲಲ್ಲೇ ನಡೆಯುತ್ತೆ, ಹಾಗಿದ್ರೆ ಮುಂಚೆನೇ ಅಡ್ಮಿಷನ್ ಆಫೀಸಿಗೆ ಕೇಳಿ.

ಇಂಟರ್‌ವ್ಯೂನಲ್ಲಿ ಕ್ವಾಲಿಟಿ ಬಗ್ಗೆ ಸ್ವಲ್ಪನೇ ಕೇಳಿದ್ದು. ಕೋಲಾರ ಅಂದ ತಕ್ಷಣ ಕೆಜಿಎಫ್ ಬಂತು. ಗಣಿ ಯಾಕೆ ಮುಚ್ಚಿದ್ರು, ಈಗ ಚಿನ್ನದ ರೇಟ್ ಇಷ್ಟಿದೆಯಲ್ಲ, ನಿಮ್ಮ ಕೈಗೆ ಕೊಟ್ರೆ ತೆಗೀತೀರಾ? ಮಾವನ ಪುಣ್ಯ, ಇದು ನಮ್ಮನೇಲಿ ಊಟದ ಹೊತ್ತಿಗೆ ಮಾತಾಡೋ ವಿಷಯ. ಶುರುವಲ್ಲಿ ಟನ್ ಅದಿರಿಗೆ 40 ಗ್ರಾಂ ಮೇಲೆ ಸಿಗ್ತಿದ್ದ ಚಿನ್ನ ಕೊನೆಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿದಿತ್ತು, ಶಾಫ್ಟ್ 3 ಕಿಲೋಮೀಟರಿಗಿಂತ ಆಳ ಹೋಗಿತ್ತು, ಆ ಆಳಕ್ಕೆ ಗಾಳಿ ಕೊಡೋದು, ನೀರು ಎತ್ತೋದು, ಇದ್ರ ಖರ್ಚೇ ಚಿನ್ನದ ಬೆಲೆ ಮೀರಿತ್ತು. ನಾನಾದ್ರೆ ಕೆಳಗಿಳಿಯೋದಕ್ಕಿಂತ ಮೊದಲು ಮೇಲೇ ಬಿದ್ದಿರೋ ಸೈನೈಡ್ ದಿಬ್ಬದ, ಅಂದ್ರೆ ಚಿನ್ನ ತೆಗೆದ್ಮೇಲೆ ಉಳಿದ ಪುಡಿ ಗುಡ್ಡೆಯ, ಲೆಕ್ಕ ಹಾಕ್ತೀನಿ ಅಂದೆ, ಅದನ್ನ ಅಗೆದು ಒಡೆದು ಪುಡಿ ಮಾಡೋ ಖರ್ಚು ಗಣಿ ನಡೀತಿದ್ದಾಗಲೇ ಆಗಿಹೋಗಿದೆಯಲ್ಲ. ಅದ್ರಲ್ಲಿ ಎಷ್ಟು ಉಳಿದಿದೆ, ಧೂಳು ಊರ ಮೇಲೆ ಬರ್ದೇ ಇರೋಕೆ ಎಷ್ಟು ಖರ್ಚು, ಅದು ಗೊತ್ತಾಗದೇ ಹೂಂ ಅನ್ನಲ್ಲ ಅಂದೆ. ಅಲ್ಲಿಂದ ಏರ್ ಫಿಲ್ಟರ್‌ಗೆ ಬಂದು, ಹಾಗಾದ್ರೆ ನಿಮ್ಮ ಕಂಪನಿ ಯಾವಾಗ ಮುಚ್ಚುತ್ತೆ ಅಂತ ಒಬ್ರು ನೇರವಾಗೇ ಕೇಳಿದ್ರು. ನಾನು ಎಸ್ಸೇಲಿ ಬರ್ದಿದ್ದನ್ನೇ ಹೇಳ್ದೆ, ಬ್ಯಾಟರಿ ಬಾಕ್ಸಿಗೂ ಸೀಲ್ ಬೇಕು, ನಮಗೆ ಗೊತ್ತಿರೋದು ಸೀಲಿಂಗ್, ಅದನ್ನ ಮಾರೋಕೆ ಗೊತ್ತಿಲ್ಲ, ಕಲಿಯೋಕೆ ಬಂದಿರೋದು ಅದನ್ನೇ.

ಅಡ್ಮಿಟ್ ಬಂದ್ಮೇಲೆ ದುಡ್ಡಿಗೆ ಕೊಡೋ ಟೈಮ್ ಕಮ್ಮಿ, ಮೊದಲನೇ ಕಂತು ಬೇಗ ಕಟ್ಬೇಕು, ಅದಕ್ಕೇ ರಿಸಲ್ಟ್ ಬರೋಕೆ ಮುಂಚೆನೇ ಬ್ಯಾಂಕಿಗೆ ಹೋಗಿ ಮಾತಾಡಿ ಇಟ್ಟಿರಿ. ಮ್ಯಾನೇಜರ್ ಎಜುಕೇಷನ್ ಲೋನ್ ಫಾರ್ಮ್ ಕೈಗೆ ಕೊಟ್ಟು "ಮಗು ಹೆಸರು ಇಲ್ಲಿ ಬರೀರಿ" ಅಂದ್ರು, ಮಗು ನಾನೇ ಸಾರ್ ಅಂದೆ. ಈ ಲೋನಿನ ಬಡ್ಡಿ ಕಟ್ಟಿದ್ದಕ್ಕೆ ಎಂಟು ವರ್ಷದವರೆಗೆ ತೆರಿಗೆ ವಿನಾಯಿತಿ ಇದೆ, ಆದ್ರೆ ಹಳೇ ಟ್ಯಾಕ್ಸ್ ರೆಜೀಮಲ್ಲಿ ಇದ್ರೆ ಮಾತ್ರ, ಹೊಸದ್ರಲ್ಲಿ ಸಿಗಲ್ಲ, ಎರಡೂ ಲೆಕ್ಕ ಹಾಕಿ ನೋಡಿ. ಶನಿವಾರ ನಮ್ಮಲ್ಲಿ ವರ್ಕಿಂಗ್ ಡೇ, ನಾನು ವಾರದ ರಜೆ ಬದ್ಲಾಯಿಸ್ಕೊಂಡು ಭಾನುವಾರ ಪ್ಲಾಂಟಿಗೆ ಹೋಗ್ತೀನಿ, ಇದನ್ನ ಎಚ್‌ಆರ್ ಹತ್ರ ಲಿಖಿತದಲ್ಲಿ ತಗೊಂಡಿದೀನಿ, ಬಾಯಿಮಾತಲ್ಲಿ ಬಿಟ್ಟಿದ್ರೆ ಮೊದಲನೇ ಆಡಿಟ್ ಬಂದಾಗಲೇ ಶನಿವಾರ ಹೋಗಿಬಿಡ್ತಿತ್ತು. ಕೋಲಾರದಿಂದ ಹೋಗೋರು ಗಾಡಿ ಕೆಆರ್ ಪುರದಲ್ಲಿ ಬಿಟ್ಟು ಮೆಟ್ರೋ ಹಿಡೀರಿ, ಬೆಳಗ್ಗೆ ಹೊತ್ತು ಹ್ಯಾಂಗಿಂಗ್ ಬ್ರಿಡ್ಜ್ ದಾಟಿ ಸಿಲ್ಕ್ ಬೋರ್ಡ್ ಕಡೆ ಹೋಗೋಷ್ಟರಲ್ಲಿ ಫಸ್ಟ್ ಕ್ಲಾಸ್ ಮುಗಿದಿರುತ್ತೆ.